ರೀಸನರ್ ಅಣ್ಣ–ತಮ್ಮಂದಿರನ್ನು ಒಂದು ಮಾಡಿದಾಗ

ಕನ್ನಡದ ನಂಟಿನ ಪದಗಳನ್ನು ಔಲ್ (OWL) ಭಾಷೆಯಲ್ಲಿ ಬರೆದ ಆಂಟಾಲಜಿಗೆ, ಅಂದರೆ ಪರಿಕಲ್ಪನೆಗಳನ್ನೂ ಅವುಗಳ ಸಂಬಂಧಗಳನ್ನೂ ಕಂಪ್ಯೂಟರಿಗೆ ತಿಳಿಯುವಂತೆ ಬರೆದ ನಕ್ಷೆಗೆ, ಜೋಡಿಸಿದೆ. ಅದನ್ನು ತಿದ್ದುವ ತಂತ್ರಾಂಶವಾದ ಪ್ರೊಟೆಜೆಯಲ್ಲಿ ರೀಸನರ್ (ಹೇಳಿಕೆಗಳಿಂದ ತರ್ಕದ ಫಲಿತಾಂಶ ತೆಗೆಯುವ ಸಾಧನ) ಓಡಿಸಿದರೆ ‘ಅಣ್ಣ’, ‘ತಮ್ಮ’ ಎರಡೂ ಕೆಂಪಾದವು, ಅಂದರೆ ತಪ್ಪೆಂದು ಗುರುತಾದವು. ಎರಡನ್ನೂ ಇಂಗ್ಲಿಷಿನ ‘ಬ್ರದರ್’ಗೆ ಸಮಾನ ಕ್ಲಾಸ್ (ಒಂದೇ ಬಗೆಯವರ ಗುಂಪು) ಎಂದು ಬರೆದದ್ದೇ ಕಾರಣ. ಎರಡೂ ಒಂದಕ್ಕೇ ಸಮ ಎಂದಮೇಲೆ ಅಣ್ಣನೇ ತಮ್ಮ. ಇವೆರಡೂ ಡಿಸ್‌ಜಾಯಿಂಟ್, ಅಂದರೆ ಎರಡಕ್ಕೂ ಸೇರಿದವರು ಯಾರೂ ಇಲ್ಲ, ಎಂಬ ಹೇಳಿಕೆಯೂ ಇದ್ದುದರಿಂದ ಯಾವುದರಲ್ಲೂ ಯಾರೂ ಇರಲಾರರು.

ಸಮಾನ ಎನ್ನುವ ಬದಲು ಎರಡನ್ನೂ ‘ಬ್ರದರ್’ನ ಉಪಕ್ಲಾಸ್ (ಒಳಗುಂಪು) ಮಾಡಿದರೆ ಅರ್ಧ ಮಾತ್ರ ಸರಿಹೋಗುತ್ತದೆ. ಮೂವರು ಗಂಡುಮಕ್ಕಳಲ್ಲಿ ನಡುವಿನವನು ಒಬ್ಬನಿಗೆ ಅಣ್ಣ, ಇನ್ನೊಬ್ಬನಿಗೆ ತಮ್ಮ. ಅವನ ದತ್ತಾಂಶ ಹಾಕಿದ ಕೂಡಲೇ ಇಡೀ ಆಂಟಾಲಜಿ ಅಸಂಗತ. ಅಣ್ಣ ಎನ್ನುವುದು ವ್ಯಕ್ತಿಯ ಬಗೆಯಲ್ಲ, ಇಬ್ಬರ ನಡುವಿನ ಸಂಬಂಧ. ಆ ಕ್ಲಾಸ್‌ಗಳನ್ನು ಅಳಿಸಿ ‘ಅಣ್ಣನಾಗಿರು’, ‘ತಮ್ಮನಾಗಿರು’ ಎಂಬ ಎರಡು ಆಬ್ಜೆಕ್ಟ್ ಪ್ರಾಪರ್ಟಿ (ಇಬ್ಬರನ್ನು ಜೋಡಿಸುವ ಸಂಬಂಧ) ಮಾಡಿ. ಎರಡನ್ನೂ ‘ಸೋದರನಾಗಿರು’ ಎಂಬುದರ ಕೆಳಗಿಟ್ಟು, ಡಿಸ್‌ಜಾಯಿಂಟ್ ಗುರುತನ್ನು ಈ ಪ್ರಾಪರ್ಟಿಗಳಿಗೆ ಹಾಕಿ. ಒಂದಕ್ಕೊಂದು ಇನ್ವರ್ಸ್, ಅಂದರೆ ತಿರುಗುಮುರುಗಾದ ಸಂಬಂಧ, ಎಂದು ಮಾತ್ರ ಬರೆಯಬೇಡಿ: ಅಕ್ಕನಿಗೂ ತಮ್ಮ ಇರುತ್ತಾನೆ.

‘ಮಾವ’ನದು ಬೇರೆ ತೊಡಕು: ಒಂದೇ ಪದಕ್ಕೆ ಹಲವು ಅರ್ಥ. ಪದಗಳನ್ನು ಆಂಟಾಲಜಿಗೆ ಜೋಡಿಸುವ ಮಾದರಿಯಾದ ಆಂಟೊಲೆಕ್ಸ್‌ನಲ್ಲಿ ಪದ ಒಂದೇ ಇರಲಿ, ಸೆನ್ಸ್ (ಅರ್ಥ) ಮೂರು ಮಾಡಿ: ತಾಯಿಯ ಸೋದರ, ತಂದೆಯ ಸೋದರಿಯ ಗಂಡ, ಗಂಡ ಅಥವಾ ಹೆಂಡತಿಯ ತಂದೆ. ಪ್ರತಿಯೊಂದಕ್ಕೂ ಬೇರೆ ರೆಫರೆನ್ಸ್, ಅಂದರೆ ಅದು ಆಂಟಾಲಜಿಯಲ್ಲಿ ತೋರಿಸುವ ಸಂಬಂಧ. ಸೋದರಮಾವನ ಮಗಳನ್ನು ಮದುವೆಯಾದವನಿಗೆ ಒಬ್ಬರೇ ತಾಯಿಯ ಸೋದರನೂ ಹೆಂಡತಿಯ ತಂದೆಯೂ ಆಗಿ ಎರಡೂ ಬಗೆಯ ಮಾವ. ಇಲ್ಲಿ ಡಿಸ್‌ಜಾಯಿಂಟ್ ಹಾಕಲೇಬಾರದು.