ಹಳೇ ಕಾರಿನ ಮೈಲೇಜ್: ಮೊದಲು ಅಳೆಯಿರಿ, ಆಮೇಲೆ ಬಾನೆಟ್ ಎತ್ತಿ

‘ಯಾಕೋ ಈಚೆಗೆ ಮೈಲೇಜೇ ಬರ್ತಾ ಇಲ್ಲ’ ಎನ್ನುವವರನ್ನು, ಮೊದಲು ಎಷ್ಟು ಬರುತ್ತಿತ್ತು, ಈಗ ಎಷ್ಟು ಬರುತ್ತಿದೆ ಎಂದು ಕೇಳಿ ನೋಡಿ. ಬಹುತೇಕರ ಉತ್ತರ ಅಂದಾಜಿನದೇ. ಪೆಟ್ರೋಲ್ ಮುಳ್ಳು ಬೇಗ ಇಳಿಯುತ್ತಿದೆ ಅನ್ನಿಸುತ್ತದೆ, ಅಷ್ಟೆ. ಈ ಅನಿಸಿಕೆಯನ್ನೇ ಹಿಡಿದು ಗ್ಯಾರೇಜಿಗೆ ಹೋದರೆ ಪ್ಲಗ್, ಫಿಲ್ಟರ್, ಆಯಿಲ್ ಎಲ್ಲ ಒಟ್ಟಿಗೆ ಬದಲಾಗುತ್ತವೆ. ಅದರಿಂದ ಏನಾದರೂ ಸರಿಹೋಯಿತೇ? ಅದಕ್ಕೂ ಮತ್ತೆ ಅಂದಾಜೇ.

ಕಂಪನಿ ಹೇಳಿದ ಅಂಕಿಯ ಜೊತೆ ಹೋಲಿಸಿ ಬೇಜಾರಾಗುವುದೂ ಬೇಡ. ಅದು ಲ್ಯಾಬಿನಲ್ಲಿ ಕಾರನ್ನು ರೋಲರ್ ಮೇಲೆ ಓಡಿಸಿ ತೆಗೆದ ಅಂಕಿ. 2017ರಲ್ಲಿ ಹೊಸ ವಿಧಾನ ಬರುವವರೆಗೂ ಯುರೋಪಿನಲ್ಲಿದ್ದ ಎನ್‌ಇಡಿಸಿ ಪರೀಕ್ಷೆಯನ್ನೇ ನೋಡಿ. ಅದು ಸುಮಾರು 20 ನಿಮಿಷದ್ದು, 11 ಕಿ.ಮೀ. ದೂರದ್ದು. ಸರಾಸರಿ ವೇಗ ಗಂಟೆಗೆ 34 ಕಿ.ಮೀ. ಆಸುಪಾಸು. ಎ.ಸಿ. ಆಫ್. ಏರು ಇಲ್ಲ, ಗುಂಡಿ ಇಲ್ಲ, ಎದುರುಗಾಳಿ ಇಲ್ಲ. ಅಂಥ ರಸ್ತೆ ಯಾರಿಗೂ ಸಿಗುವುದಿಲ್ಲ. ನಿಮ್ಮ ಕಾರನ್ನು ನಿಮ್ಮ ಕಾರಿನ ಜೊತೆಗೇ ಹೋಲಿಸಬೇಕು: ಹೋದ ತಿಂಗಳು ಎಷ್ಟು, ಈ ತಿಂಗಳು ಎಷ್ಟು.

ಹಂತ 1: ಟ್ಯಾಂಕಿನಿಂದ ಟ್ಯಾಂಕಿಗೆ ಲೆಕ್ಕ

ಟ್ಯಾಂಕ್ ಫುಲ್ ಮಾಡಿಸಿ. ಪಂಪಿನ ನಾಝಲ್ ಮೊದಲ ಸಲ ‘ಟಕ್’ ಎಂದು ತಾನಾಗಿ ನಿಂತಾಗ ಅಲ್ಲಿಗೇ ಸಾಕೆನ್ನಿ. ಆಮೇಲೆ ಚೂರು ಚೂರೇ ತುಂಬಿಸಿದರೆ ಲೆಕ್ಕ ಕೆಡುತ್ತದೆ. ಟ್ರಿಪ್ ಮೀಟರ್ ಸೊನ್ನೆಗೆ ತನ್ನಿ. ಮುಕ್ಕಾಲು ಟ್ಯಾಂಕ್ ಮುಗಿಯುವವರೆಗೆ ಎಂದಿನಂತೆಯೇ ಓಡಿಸಿ, ‘ಪರೀಕ್ಷೆ ನಡೀತಿದೆ’ ಅಂತ ನಾಜೂಕು ಮಾಡಬೇಡಿ. ಸಾಧ್ಯವಾದರೆ ಅದೇ ಪಂಪಿನಲ್ಲಿ, ಅದೇ ಕಡೆ ಮುಖ ಮಾಡಿ ನಿಲ್ಲಿಸಿ ಮತ್ತೆ ಮೊದಲ ‘ಟಕ್’ವರೆಗೆ ತುಂಬಿಸಿ. ಓಡಿದ ಕಿಲೋಮೀಟರನ್ನು ಈಗ ಹಾಕಿಸಿದ ಲೀಟರಿನಿಂದ ಭಾಗಿಸಿದರೆ ಮೈಲೇಜ್ ಸಿಗುತ್ತದೆ.

ಐದೋ ಹತ್ತೋ ಲೀಟರಿನಲ್ಲಿ ಈ ಲೆಕ್ಕ ಮಾಡಬೇಡಿ. ಟ್ಯಾಂಕ್ ತುಂಬುವಾಗ ಅರ್ಧ ಲೀಟರ್ ಹೆಚ್ಚುಕಮ್ಮಿ ಆಗುವುದು ಮಾಮೂಲು. 10 ಲೀಟರಿನಲ್ಲಿ ಅದು ಶೇ 5ರಷ್ಟು ತಪ್ಪು. 35 ಲೀಟರಿನಲ್ಲಿ ಶೇ 1.5ಕ್ಕಿಂತ ಕಡಿಮೆ. ಮೂರ್ನಾಲ್ಕು ಟ್ಯಾಂಕಿನ ಸರಾಸರಿ ಸಿಕ್ಕರೆ ಅದು ನಂಬುವ ಅಂಕಿ. ಕಾರಿಗೆ ಬೇರೆ ಅಳತೆಯ ಟೈರ್ ಹಾಕಿಸಿದ್ದರೆ ಓಡೋಮೀಟರೇ ಸುಳ್ಳು ಹೇಳುತ್ತಿರಬಹುದು. ಉದ್ದನೆಯ ರಸ್ತೆಯಲ್ಲಿ ಮೊಬೈಲಿನ ಜಿಪಿಎಸ್ ಜೊತೆ ಒಮ್ಮೆ ತಾಳೆ ನೋಡಿ.

ಇನ್ನೊಂದು ಲೆಕ್ಕವೂ ತಲೆಯಲ್ಲಿರಲಿ. 16 ಕೊಡುವ ಕಾರನ್ನು 20ಕ್ಕೆ ತಂದರೆ ಪ್ರತಿ 1000 ಕಿ.ಮೀ.ಗೆ 12.5 ಲೀಟರ್ ಉಳಿಯುತ್ತದೆ. 8 ಕೊಡುವ ಕಾರನ್ನು 10ಕ್ಕೆ ತಂದರೆ ಉಳಿಯುವುದು 25 ಲೀಟರ್. ಕೇಳಲು ಎರಡೇ ಕಿಲೋಮೀಟರ್, ಉಳಿತಾಯ ಮಾತ್ರ ದುಪ್ಪಟ್ಟು. ಕುಡುಕ ಕಾರಿನ ಮೇಲೆ ಪಡುವ ಶ್ರಮಕ್ಕೇ ಬೆಲೆ ಜಾಸ್ತಿ.

ಹಂತ 2: ಟೈರಿನ ಗಾಳಿ

ಇದು ಎಲ್ಲರಿಗೂ ಗೊತ್ತಿರುವ ವಿಷಯ, ಆದರೆ ಮಾಡುವವರು ಕಮ್ಮಿ. ಎಷ್ಟು ಗಾಳಿ ಇರಬೇಕು ಎಂಬುದು ಡ್ರೈವರ್ ಬಾಗಿಲಿನ ಚೌಕಟ್ಟಿನಲ್ಲೋ ಪೆಟ್ರೋಲ್ ಮುಚ್ಚಳದ ಒಳಗೋ ಅಂಟಿಸಿದ ಚೀಟಿಯಲ್ಲಿರುತ್ತದೆ. ಟೈರಿನ ಮೇಲೆ ಅಚ್ಚಾಗಿರುವುದು ಗರಿಷ್ಠ ಮಿತಿ, ಅದನ್ನು ನೋಡಿ ಹೊಡೆಸಬೇಡಿ. ಟೈರ್ ತಣ್ಣಗಿರುವಾಗ, ಅಂದರೆ ಕಾರು ಕೆಲವು ಗಂಟೆ ನಿಂತ ಮೇಲೆ ಅಳೆಯಬೇಕು. ನಾಲ್ಕೂ ಟೈರಿನಲ್ಲಿ ಒಂದೊಂದು ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಕಡಿಮೆಯಾದರೆ ಮೈಲೇಜ್ ಶೇ 0.2ರಷ್ಟು ಇಳಿಯುತ್ತದೆ. ಹೀಗೆ ನೋಡಿದರೆ ಇದು ಸಣ್ಣದು. ಆದರೆ ತಿಂಗಳುಗಟ್ಟಲೆ ನೋಡದೆ ಬಿಟ್ಟ ಟೈರಿನಲ್ಲಿ ಕಡಿಮೆ ಇರುವುದು ಬರೀ ಒಂದು ಪಿಎಸ್‌ಐ ಅಲ್ಲ, ಅಲ್ವಾ?

ಟೈರಿನ ಒಳಅಂಚೋ ಹೊರಅಂಚೋ ಒಂದೇ ಕಡೆ ಗರಗಸದ ಹಾಗೆ ಸವೆದಿದ್ದರೆ ಅಲೈನ್‌ಮೆಂಟ್, ಅಂದರೆ ಚಕ್ರಗಳ ನೇರ, ತಪ್ಪಿದೆ ಎಂದರ್ಥ. ಟೈರ್ ಉರುಳುವ ಬದಲು ಸ್ವಲ್ಪ ಉಜ್ಜಿಕೊಂಡೇ ಹೋಗುತ್ತಿದೆ.

ಹಂತ 3: ಚಕ್ರ ಸಲೀಸಾಗಿ ತಿರುಗುತ್ತಿದೆಯೇ

ನನ್ನನ್ನು ಕೇಳಿದರೆ ಹಳೇ ಕಾರಿನಲ್ಲಿ ಮೊದಲು ಅನುಮಾನ ಪಡಬೇಕಾದ್ದು ಇಂಜಿನ್ನನ್ನಲ್ಲ, ಬ್ರೇಕನ್ನು. ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರಿನ ಪಿನ್‌ಗಳಲ್ಲಿ ಗ್ರೀಸ್ ಒಣಗಿ, ತುಕ್ಕು ಹಿಡಿದು, ಪೆಡಲ್ ಬಿಟ್ಟ ಮೇಲೂ ಪ್ಯಾಡ್ ಡಿಸ್ಕನ್ನು ತಬ್ಬಿಕೊಂಡೇ ಇರುತ್ತದೆ. ಹಿಂದಿನ ಡ್ರಮ್ಮಿನಲ್ಲಿ ಹ್ಯಾಂಡ್‌ಬ್ರೇಕ್ ಕೇಬಲ್ ಸಿಕ್ಕಿಹಾಕಿಕೊಂಡು ಪೂರ್ತಿ ವಾಪಸ್ ಹೋಗುವುದಿಲ್ಲ. ಕಾರು ಓಡುತ್ತಿರುತ್ತದೆ, ಶಬ್ದವೂ ಇರುವುದಿಲ್ಲ. ಇಂಜಿನ್ ಮಾತ್ರ ದಿನವಿಡೀ ಬ್ರೇಕಿನ ವಿರುದ್ಧ ಎಳೆಯುತ್ತಿರುತ್ತದೆ.

ಪತ್ತೆ ಮಾಡುವುದು ಸುಲಭ. ಖಾಲಿ ರಸ್ತೆಯಲ್ಲಿ ಹತ್ತು ಕಿಲೋಮೀಟರಿನಷ್ಟು ಓಡಿಸಿ, ಬ್ರೇಕ್ ಆದಷ್ಟು ಕಮ್ಮಿ ಬಳಸಿ. ವೇಗ ತಾನಾಗಿ ಇಳಿಯಲು ಬಿಟ್ಟು ನಿಲ್ಲಿಸಿ. ಒಂದೊಂದೇ ಚಕ್ರದ ಹತ್ತಿರ ಅಂಗೈ ಹಿಡಿಯಿರಿ. ಮುಟ್ಟಬೇಡಿ, ಡಿಸ್ಕ್ ಕೈ ಸುಡುವಷ್ಟು ಕಾದಿರಬಹುದು. ಎಡಕ್ಕೂ ಬಲಕ್ಕೂ ಶಾಖ ಒಂದೇ ತರಹ ಇರಬೇಕು. ಒಂದು ಚಕ್ರ ಮಾತ್ರ ಎದ್ದು ಕಾಣುವಷ್ಟು ಬಿಸಿಯಾಗಿದ್ದರೆ, ಸುಟ್ಟ ವಾಸನೆ ಬಂದರೆ, ಆ ರಿಮ್ಮಿನ ಮೇಲೆ ಕಪ್ಪು ಪುಡಿ ಜಾಸ್ತಿ ಕೂತಿದ್ದರೆ ಕಳ್ಳ ಸಿಕ್ಕಿದ ಹಾಗೆ. ಖಚಿತವಾಗಬೇಕೆಂದರೆ ಕಾರು ತಣ್ಣಗಾದ ಮೇಲೆ, ಸಮತಟ್ಟಾದ ಜಾಗದಲ್ಲಿ, ಉಳಿದ ಚಕ್ರಗಳಿಗೆ ಅಡ್ಡಗಲ್ಲು ಕೊಟ್ಟು, ಆ ಚಕ್ರವನ್ನು ಜ್ಯಾಕಿನಲ್ಲಿ ಎತ್ತಿ ಕೈಯಿಂದ ತಿರುಗಿಸಿ. ಹಿಂದಿನ ಚಕ್ರವಾದರೆ ಹ್ಯಾಂಡ್‌ಬ್ರೇಕ್ ಬಿಟ್ಟಿರಬೇಕು. ಪ್ಯಾಡ್ ಸಣ್ಣಗೆ ಸವರುವ ಶಬ್ದ ಬಂದರೆ ಪರವಾಗಿಲ್ಲ. ಬಲ ಹಾಕಿ ತಿರುಗಿಸಬೇಕಾಗಿ ಬಂದರೆ ಬ್ರೇಕ್ ಬಿಚ್ಚಿಸಿ ಸರಿಮಾಡಿಸಿ. ಜ್ಯಾಕ್ ಒಂದನ್ನೇ ನಂಬಿ ಕಾರಿನ ಕೆಳಗೆ ಮಾತ್ರ ತೂರಬೇಡಿ.

ಹಂತ 4: ಇಂಜಿನ್ ಬಿಸಿಯಾಗುತ್ತಿದೆಯೇ

ಇಂಜಿನ್ ಕಾದರೆ ಎಲ್ಲರಿಗೂ ಗಾಬರಿ. ಕಾಯದೇ ಇದ್ದರೆ ಯಾರೂ ತಲೆಕೆಡಿಸಿಕೊಳ್ಳುವುದಿಲ್ಲ. ಮೈಲೇಜ್ ಸೋರುವುದು ಅಲ್ಲೇ. ತಣ್ಣಗಿನ ಇಂಜಿನ್ನಿನಲ್ಲಿ ಪೆಟ್ರೋಲ್ ಸರಿಯಾಗಿ ಆವಿಯಾಗುವುದಿಲ್ಲ, ಹಾಗಾಗಿ ಅದಕ್ಕೆ ಹೆಚ್ಚಿಗೆ ಪೆಟ್ರೋಲ್ ಬಿಡಬೇಕಾಗುತ್ತದೆ. ಆಯಿಲ್ ಕೂಡ ಗಟ್ಟಿಯಾಗಿರುತ್ತದೆ. ಇದನ್ನು ತಪ್ಪಿಸಲೆಂದೇ ಥರ್ಮೋಸ್ಟಾಟ್ ಇದೆ. ಇಂಜಿನ್ ಸುಮಾರು 80ರಿಂದ 90 ಡಿಗ್ರಿ ಸೆಲ್ಸಿಯಸ್ ತಲುಪುವವರೆಗೆ ಅದು ನೀರನ್ನು ರೇಡಿಯೇಟರಿಗೆ ಬಿಡುವುದಿಲ್ಲ. ಇದು ತೆರೆದ ಸ್ಥಿತಿಯಲ್ಲೇ ಸಿಕ್ಕಿಕೊಂಡರೆ ಇಂಜಿನ್ ಎಂದೂ ಸರಿಯಾದ ಬಿಸಿಗೆ ಬರುವುದಿಲ್ಲ. ಕೆಲವು ಮೆಕ್ಯಾನಿಕ್‌ಗಳಂತೂ ‘ಹೀಟ್ ಆಗಬಾರದು’ ಎಂದು ಅದನ್ನು ಕಿತ್ತೇ ಹಾಕುತ್ತಾರೆ. ಉಪಕಾರ ಮಾಡಿದೆವೆಂದೇ ಅವರ ನಂಬಿಕೆ.

ಬೆಳಿಗ್ಗೆ ತಣ್ಣನೆಯ ಇಂಜಿನ್ ಸ್ಟಾರ್ಟ್ ಮಾಡಿ, ಇಂಜಿನ್ನಿನಿಂದ ರೇಡಿಯೇಟರಿನ ಮೇಲ್ಭಾಗಕ್ಕೆ ಹೋಗುವ ದಪ್ಪ ರಬ್ಬರ್ ಪೈಪನ್ನು ಆಗಾಗ ಮುಟ್ಟಿ ನೋಡಿ. ಫ್ಯಾನಿನಿಂದ ಕೈ ದೂರ ಇರಲಿ. ಹೆಚ್ಚಿನ ಕಾರುಗಳಲ್ಲಿ ಈ ಪೈಪು ಹಲವು ನಿಮಿಷ ತಣ್ಣಗೇ ಇದ್ದು, ಆಮೇಲೆ ಬೇಗನೆ ಬಿಸಿಯಾಗಬೇಕು. ಸ್ಟಾರ್ಟ್ ಆದಾಗಿನಿಂದಲೇ ನಿಧಾನಕ್ಕೆ ಉಗುರುಬೆಚ್ಚಗಾಗುತ್ತಾ ಹೋದರೆ ಥರ್ಮೋಸ್ಟಾಟ್ ಕೆಟ್ಟಿದೆ, ಇಲ್ಲವೇ ಅಲ್ಲಿ ಇಲ್ಲವೇ ಇಲ್ಲ. ಹೆದ್ದಾರಿಯಲ್ಲಿ ಟೆಂಪರೇಚರ್ ಮುಳ್ಳು ನಡುವಿನಿಂದ ಕೆಳಗಿಳಿಯುವುದೂ ಇದೇ ಲಕ್ಷಣ. ಬಿಸಿ ಇಂಜಿನ್ನಿನ ರೇಡಿಯೇಟರ್ ಮುಚ್ಚಳವನ್ನು ಯಾವ ಕಾರಣಕ್ಕೂ ತೆಗೆಯಬೇಡಿ.

ಮನೆಯಿಂದ ಎರಡೇ ಕಿಲೋಮೀಟರ್ ಹೋಗಿಬರುವ ಕಾರಿಗೆ ಥರ್ಮೋಸ್ಟಾಟ್ ಸರಿಯಿದ್ದರೂ ಇದೇ ಪಾಡು. ಬಿಸಿಯಾಗುವಷ್ಟರಲ್ಲಿ ಆಫ್ ಆಗಿರುತ್ತದೆ. ಬೇರೆ ಬೇರೆ ಹೊತ್ತಿನ ಕೆಲಸಗಳನ್ನು ಒಂದೇ ಸುತ್ತಿನಲ್ಲಿ ಮುಗಿಸುವುದು ಬಿಟ್ಟರೆ ಇದಕ್ಕೆ ಬೇರೆ ಮದ್ದಿಲ್ಲ.

ಹಂತ 5: ಗಾಳಿ, ಪೆಟ್ರೋಲ್, ಕಿಡಿ

ಇಲ್ಲಿಂದ ಮುಂದೆ ನಿಮ್ಮದು ಕಾರ್ಬೊರೇಟರ್ ಕಾರೋ ಇಂಜೆಕ್ಷನ್ ಕಾರೋ ಎಂಬುದು ಮುಖ್ಯ. ತೀರಾ ಹಳೇ ಕಾರುಗಳಲ್ಲಿ ಗಾಳಿಗೆ ಪೆಟ್ರೋಲ್ ಬೆರೆಸುವುದು ಕಾರ್ಬೊರೇಟರ್; ಆಮೇಲಿನವುಗಳಲ್ಲಿ ಕಂಪ್ಯೂಟರ್ ಹೇಳಿದಷ್ಟು ಪೆಟ್ರೋಲನ್ನು ಇಂಜೆಕ್ಟರ್ ಚಿಮ್ಮಿಸುತ್ತದೆ. ಕಾರ್ಬೊರೇಟರ್ ಕಾರಿನಲ್ಲಿ ಏರ್ ಫಿಲ್ಟರ್ ಕಟ್ಟಿಕೊಂಡರೆ ಮೈಲೇಜ್ ನೇರವಾಗಿ ಇಳಿಯುತ್ತದೆ. ಇಂಜೆಕ್ಷನ್ ಕಾರಿನಲ್ಲಿ ಹಾಗಲ್ಲ. ಬರುವ ಗಾಳಿಯನ್ನು ಅಳೆದೇ ಕಂಪ್ಯೂಟರ್ ಪೆಟ್ರೋಲ್ ಬಿಡುತ್ತದೆ. ಅಲ್ಲಿ ಕೊಳೆ ಫಿಲ್ಟರ್ ಪಿಕಪ್ ಕೆಡಿಸುತ್ತದೆ, ಮೈಲೇಜಿಗೆ ಅಷ್ಟೇನೂ ಹೊಡೆತ ಕೊಡುವುದಿಲ್ಲ. ಫಿಲ್ಟರ್ ಬದಲಿಸಿ, ಆದರೆ ಅದರಿಂದ ಪವಾಡ ನಿರೀಕ್ಷಿಸಬೇಡಿ. ಕಾರ್ಬೊರೇಟರ್ ಇದ್ದರೆ ಇನ್ನೊಂದನ್ನು ತಪ್ಪದೇ ನೋಡಿ: ಇಂಜಿನ್ ಬಿಸಿಯಾದ ಮೇಲೆ ಚೋಕ್ (ತಣ್ಣಗಿನ ಇಂಜಿನ್ನಿಗೆ ಪೆಟ್ರೋಲ್ ಹೆಚ್ಚು ಸಿಗಲೆಂದು ಗಾಳಿ ತಡೆಯುವ ಮುಚ್ಚಳ) ಪೂರ್ತಿ ತೆರೆದುಕೊಂಡಿದೆಯೇ? ಅರ್ಧಕ್ಕೇ ಸಿಕ್ಕಿಕೊಂಡ ಚೋಕ್ ಸುಮ್ನೆ ಪೆಟ್ರೋಲ್ ಸುರಿಯುತ್ತಿರುತ್ತದೆ.

ಇಂಜೆಕ್ಷನ್ ಕಾರಿನಲ್ಲಿ ದೊಡ್ಡ ಅಪರಾಧಿ ಆಕ್ಸಿಜನ್ ಸೆನ್ಸರ್. ಸೈಲೆನ್ಸರ್ ಪೈಪಿನಲ್ಲಿ ಕೂತು, ಹೊಗೆಯಲ್ಲಿ ಉಳಿದ ಆಮ್ಲಜನಕ ನೋಡಿ ಪೆಟ್ರೋಲ್ ಹೆಚ್ಚಾಯಿತೇ ಕಮ್ಮಿಯಾಯಿತೇ ಎಂದು ಹೇಳುವುದು ಇದೇ. ಇದು ಸತ್ತರೆ ಕಂಪ್ಯೂಟರಿಗೆ ಕಣ್ಣು ಕಟ್ಟಿದಂತೆ; ಇಂಜಿನ್ ಕೆಡದಿರಲಿ ಎಂದು ಪೆಟ್ರೋಲ್ ಧಾರಾಳವಾಗಿ ಬಿಡುತ್ತದೆ. ಇಂಥ ದೊಡ್ಡ ದೋಷ ಸರಿಪಡಿಸಿದರೆ ಮೈಲೇಜ್ ಶೇ 40ರವರೆಗೂ ಸುಧಾರಿಸಬಹುದು ಎನ್ನುತ್ತದೆ ಅಮೆರಿಕದ ಇಂಧನ ಇಲಾಖೆ. ಡ್ಯಾಶ್‌ಬೋರ್ಡಿನಲ್ಲಿ ಇಂಜಿನ್ ಚಿತ್ರದ ಹಳದಿ ದೀಪ ಉರಿಯುತ್ತಿದ್ದರೆ ಅದರ ಮೇಲೆ ಸ್ಟಿಕ್ಕರ್ ಅಂಟಿಸುವ ಬದಲು ಸ್ಕ್ಯಾನ್ ಮಾಡಿಸಿ. ಒಬಿಡಿ ಸಾಕೆಟ್ (ಕಾರಿನ ಕಂಪ್ಯೂಟರ್ ಓದಲು ಇರುವ ಜಾಗ) ಇರುವ ಕಾರಾದರೆ ಸಣ್ಣ ಬ್ಲೂಟೂತ್ ಸಾಧನ ಚುಚ್ಚಿ ಮೊಬೈಲಿನಲ್ಲೇ ನೋಡಬಹುದು. ಅದರಲ್ಲಿ ‘ಲಾಂಗ್ ಟರ್ಮ್ ಫ್ಯೂಯೆಲ್ ಟ್ರಿಮ್’ ಎಂಬ ಅಂಕಿ ಹುಡುಕಿ. ಕಂಪ್ಯೂಟರ್ ಮಾಮೂಲಿಗಿಂತ ಪೆಟ್ರೋಲನ್ನು ಶೇಕಡಾ ಎಷ್ಟು ಹೆಚ್ಚುಕಮ್ಮಿ ಮಾಡುತ್ತಿದೆ ಎಂಬುದೇ ಇದು. ಸೊನ್ನೆಯ ಆಸುಪಾಸಿದ್ದರೆ ಸರಿ. ಹತ್ತಕ್ಕಿಂತ ಮೇಲೋ ಮೈನಸ್ ಹತ್ತಕ್ಕಿಂತ ಕೆಳಗೋ ಇದ್ದರೆ ಎಲ್ಲೋ ಗಾಳಿ ಸೋರಿಕೆ, ಇಂಜೆಕ್ಟರ್ ಸೋರಿಕೆ ಅಥವಾ ಸೆನ್ಸರ್ ತೊಂದರೆ ಇದೆ. ದೀಪ ಉರಿಯುವ ಮೊದಲೇ ಈ ಅಂಕಿ ಬಾಯಿಬಿಡುತ್ತದೆ.

ಪ್ಲಗ್ ಬಿಚ್ಚಿದಾಗ ತುದಿಯ ಬಣ್ಣ ನೋಡದೆ ಎಸೆಯಬೇಡಿ. ತಿಳಿ ಕಂದು, ಬೂದು ಬಣ್ಣವಿದ್ದರೆ ಚೆನ್ನಾಗಿದೆ. ಒಣ ಕಪ್ಪು ಮಸಿ ಇದ್ದರೆ ಪೆಟ್ರೋಲ್ ಜಾಸ್ತಿ. ಎಣ್ಣೆ ಜಿಡ್ಡಿದ್ದರೆ ಆಯಿಲ್ ಒಳಗೆ ನುಗ್ಗುತ್ತಿದೆ. ನಾಲ್ಕರಲ್ಲಿ ಒಂದೇ ಪ್ಲಗ್ ಬೇರೆ ತರಹ ಇದ್ದರೆ ತೊಂದರೆ ಆ ಸಿಲಿಂಡರಿನದು.

ಡೀಸೆಲ್ ಕಾರಿಗೆ ಪ್ಲಗ್ಗಿನ ಕಥೆ ಇಲ್ಲ. ಟರ್ಬೊ (ಇಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಭಾಗ) ಇದ್ದರೆ ಅದರ ರಬ್ಬರ್ ಪೈಪು ಬಿರಿದಿದೆಯೇ ನೋಡಿ. ಕಪ್ಪು ಹೊಗೆ, ಎಳೆಯುವ ಶಕ್ತಿ ಕುಗ್ಗಿರುವುದು, ಎರಡೂ ಒಟ್ಟಿಗೆ ಕಂಡರೆ ಅನುಮಾನ ಅಲ್ಲಿಗೇ ಹೋಗಲಿ.

ಇಂಜಿನ್ ಆಯಿಲ್ ಕೈಪಿಡಿಯಲ್ಲಿ ಹೇಳಿದ ಗ್ರೇಡೇ ಇರಲಿ. ‘ಹಳೇ ಇಂಜಿನ್ ಅಲ್ವಾ, ದಪ್ಪ ಆಯಿಲ್ ಹಾಕಿ’ ಎನ್ನುವ ಸಲಹೆಗೆ ಶೇ 1–2ರಷ್ಟು ಮೈಲೇಜ್ ತೆರಬೇಕಾಗುತ್ತದೆ. ಬಳಸದ ರೂಫ್ ಕ್ಯಾರಿಯರ್ ಬಿಚ್ಚಿಡಿ. ಡಿಕ್ಕಿಯ ಸಾಮಾನು ಇಳಿಸಿ.

ಹಂತ 6: ಕಾಲು

ಗಾಳಿಯ ತಡೆ ವೇಗದ ವರ್ಗದಂತೆ ಏರುತ್ತದೆ. ಗಂಟೆಗೆ 80 ಕಿ.ಮೀ.ನಿಂದ 110ಕ್ಕೆ ಹೋದರೆ ತಡೆ ಹತ್ತಿರ ಹತ್ತಿರ ದುಪ್ಪಟ್ಟು. ಹೆದ್ದಾರಿಯಲ್ಲಿ ವೇಗ ಇಳಿಸುವುದಕ್ಕಿಂತ ದೊಡ್ಡ ಉಳಿತಾಯ ಬೇರಿಲ್ಲ. ಊರೊಳಗೆ ಆಟವೇ ಬೇರೆ. ಅಲ್ಲಿ ಪೆಟ್ರೋಲ್ ಹೋಗುವುದು ಬ್ರೇಕಿನಲ್ಲಿ. ಮುಂದೆ ಕೆಂಪು ದೀಪ ಕಾಣುತ್ತಿದ್ದರೂ ಆಕ್ಸಿಲರೇಟರ್ ಒತ್ತಿ ಹೋಗಿ ಬ್ರೇಕ್ ಹಾಕುವುದೆಂದರೆ ಆಗಷ್ಟೇ ಸುಟ್ಟ ಪೆಟ್ರೋಲನ್ನು ಶಾಖ ಮಾಡಿ ಗಾಳಿಗೆ ಬಿಡುವುದು. ದೂರದಿಂದಲೇ ಕಾಲು ತೆಗೆಯಿರಿ.

ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿದರೆ ಉಳಿಯುತ್ತದೆ ಎಂಬ ನಂಬಿಕೆ ಇನ್ನೂ ಹೋಗಿಲ್ಲ. ಇಂಜೆಕ್ಷನ್ ಕಾರಿನಲ್ಲಿ ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟರೆ ಕಂಪ್ಯೂಟರ್ ಪೆಟ್ರೋಲನ್ನು ಪೂರ್ತಿ ನಿಲ್ಲಿಸುತ್ತದೆ, ಚಕ್ರವೇ ಇಂಜಿನ್ನನ್ನು ತಿರುಗಿಸುತ್ತದೆ. ನ್ಯೂಟ್ರಲ್ ಮಾಡಿದರೆ ಐಡಲ್‌ಗೆ ಬೇಕಾದಷ್ಟು ಪೆಟ್ರೋಲ್ ಮತ್ತೆ ಬಿಡಬೇಕು. ಉಳಿತಾಯವೂ ಇಲ್ಲ, ಇಂಜಿನ್ ಬ್ರೇಕೂ ಇಲ್ಲ. ಹಳೇ ಕಾರ್ಬೊರೇಟರಿಗೆ ಸಾಮಾನ್ಯವಾಗಿ ಈ ಜಾಣತನ ಇರುವುದಿಲ್ಲ. ಆದರೂ ಇಳಿಜಾರಿನಲ್ಲಿ ನ್ಯೂಟ್ರಲ್ ಬೇಡವೇ ಬೇಡ.

ಕೊಳ್ಳಬೇಡದ್ದು

ಪೆಟ್ರೋಲ್ ಪೈಪಿಗೆ ಕಟ್ಟುವ ಅಯಸ್ಕಾಂತ, ಟ್ಯಾಂಕಿಗೆ ಹಾಕುವ ಮಾತ್ರೆ, ಸಾಕೆಟ್ಟಿಗೆ ಚುಚ್ಚಿದರೆ ಮೈಲೇಜ್ ಏರಿಸುವ ಡಬ್ಬಿ, ಇವು ಯಾವುವೂ ಬೇಡ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಂಥ ನೂರಕ್ಕೂ ಹೆಚ್ಚು ಸಾಧನಗಳನ್ನು ಪರಿಶೀಲಿಸಿದೆ. ಅವುಗಳಲ್ಲಿ ಪ್ರಯೋಜನ ಕಂಡಿದ್ದು ಬೆರಳೆಣಿಕೆಯವು, ಅದೂ ಅಲ್ಪಸ್ವಲ್ಪ. ಕೈಪಿಡಿಯಲ್ಲಿ ಕೇಳದ ಹೆಚ್ಚಿನ ಆಕ್ಟೇನಿನ ಪೆಟ್ರೋಲೂ ಅಷ್ಟೇ. ಆಕ್ಟೇನ್ ಎಂದರೆ ಇಂಜಿನ್ ಬಡಿತ (ನಾಕಿಂಗ್) ತಡೆಯುವ ಗುಣ, ಶಕ್ತಿಯಲ್ಲ.

ಎಥನಾಲ್ ಲೆಕ್ಕವನ್ನು ಮಾತ್ರ ಮರೆಯಬೇಡಿ. ಒಂದು ಲೀಟರ್ ಎಥನಾಲಿನಲ್ಲಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಶಕ್ತಿ ಕಡಿಮೆ. ಶೇ 10ರಷ್ಟು ಬೆರೆಸಿದ ಪೆಟ್ರೋಲಿನಲ್ಲಿ ಶಕ್ತಿ ಶೇ 3ರಷ್ಟು, ಶೇ 20ರಷ್ಟು ಬೆರೆಸಿದ್ದರಲ್ಲಿ ಶೇ 6–7ರಷ್ಟು ಕಡಿಮೆ ಇರುತ್ತದೆ. ಪಂಪಿನಲ್ಲಿ ಮಿಶ್ರಣ ಬದಲಾದ ಸಮಯಕ್ಕೇ ನಿಮ್ಮ ಅಂಕಿ ಇಷ್ಟು ಇಳಿದಿದ್ದರೆ ಕಾರಿನದೇನೂ ತಪ್ಪಿಲ್ಲ. ಎಥನಾಲಿಗೆಂದು ಮಾಡದ ಹಳೇ ರಬ್ಬರ್ ಪೈಪು ಮೆತ್ತಗಾಗಿದೆಯೇ, ಬಿರಿದಿದೆಯೇ ಎಂದು ಮಾತ್ರ ನೋಡಿಸಿ. ಅಲ್ಲಿ ಸೋರಿದರೆ ಮೈಲೇಜಿನ ಪ್ರಶ್ನೆಯಲ್ಲ, ಬೆಂಕಿಯ ಪ್ರಶ್ನೆ.

ಒಮ್ಮೆಗೆ ಒಂದೇ ರಿಪೇರಿ ಮಾಡಿಸಿ, ಒಂದೆರಡು ಟ್ಯಾಂಕ್ ಓಡಿಸಿ, ಅಂಕಿ ಬರೆದಿಡಿ. ಎಲ್ಲ ಸರಿಮಾಡಿಸಿದ ಮೇಲೂ ಮೈಲೇಜ್ ಏಳದಿದ್ದರೆ ಕಂಪ್ರೆಶನ್ ಟೆಸ್ಟ್ ಮಾಡಲು ಕೇಳಿ. ಪ್ಲಗ್ ಜಾಗದಲ್ಲಿ ಗೇಜ್ ಹಾಕಿ ಪ್ರತಿ ಸಿಲಿಂಡರಿನ ಒತ್ತಡ ಅಳೆಯುತ್ತಾರೆ. ಒಂದರಲ್ಲಿ ತೀರಾ ಕಮ್ಮಿ ಬಂದರೆ ಅದಕ್ಕೆ ಒಂದು ಚಮಚ ಇಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಲು ಹೇಳಿ. ಒತ್ತಡ ಏರಿದರೆ ಸವೆದಿರುವುದು ಪಿಸ್ಟನ್ನಿನ ಸುತ್ತ ಇರುವ ರಿಂಗ್; ಏರದಿದ್ದರೆ ಹೆಚ್ಚಾಗಿ ವಾಲ್ವ್. ವಾಲ್ವ್ ಆದರೆ ಮೊದಲು ಅದರ ಕ್ಲಿಯರೆನ್ಸ್ (ಬಿಡಬೇಕಾದ ಸಂದು) ಹೊಂದಿಸಿ ನೋಡಲಿ, ಅದು ಸಣ್ಣ ಕೆಲಸ. ರಿಂಗ್ ಆದರೆ ಇಂಜಿನ್ ಪೂರ್ತಿ ಬಿಚ್ಚಬೇಕು. ಬರೀ ಮೈಲೇಜಿಗೋಸ್ಕರ ಆ ಖರ್ಚಿಗೆ ಇಳಿಯಬೇಡಿ. ಅಷ್ಟು ದುಡ್ಡು ಪೆಟ್ರೋಲಿನಲ್ಲಿ ವಾಪಸ್ ಬರುವಷ್ಟು ಕಾಲ ಆ ಕಾರನ್ನು ನೀವು ಇಟ್ಟುಕೊಳ್ಳುವುದು ಅನುಮಾನ.