ಪಾಯಿಂಟೋ, ಎಲೆಕ್ಟ್ರಾನಿಕ್ಕೋ? ಹಳೆಯ ಕಾರಿನ ಇಗ್ನಿಷನ್ ಗುರುತಿಸಿ ಬದಲಿಸುವ ಬಗೆ

ಎಪ್ಪತ್ತರ ದಶಕದ ಕಾರಿಗೆ ಬಿಡಿಭಾಗ ತರಿಸುವಾಗ ಮಾದರಿ, ಇಸವಿ ಎರಡನ್ನೂ ಸರಿಯಾಗಿಯೇ ಬರೆದರೂ ತಪ್ಪು ಸಾಮಾನು ಬರುವುದುಂಟು. ಆ ವರ್ಷಗಳಲ್ಲಿ ಒಂದೇ ಕಂಪನಿಯ ಒಂದು ಎಂಜಿನ್‌ಗೆ ಪಾಯಿಂಟ್, ಇನ್ನೊಂದಕ್ಕೆ ಎಲೆಕ್ಟ್ರಾನಿಕ್ ಇಗ್ನಿಷನ್ ಇರುತ್ತಿತ್ತು. ಇಗ್ನಿಷನ್ ಎಂದರೆ ಪೆಟ್ರೋಲ್ ಹೊತ್ತಿಸಲು ಪ್ಲಗ್‌ಗೆ ಕಿಡಿ ಕೊಡುವ ವ್ಯವಸ್ಥೆ; ಪಾಯಿಂಟ್ ಎಂದರೆ ಅದರ ವಿದ್ಯುತ್ತನ್ನು ಕೂಡಿಸಿ ಬಿಡಿಸುವ ಲೋಹದ ಸಂಪರ್ಕ. ಹಾಗಾಗಿ ಇಸವಿಯಿಂದ ಸಿಗುವುದು ಅಂದಾಜು ಮಾತ್ರ. ನಿಜ ಗೊತ್ತಾಗಬೇಕಾದರೆ ಸಿಲಿಂಡರ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್‌ನ ಮುಚ್ಚಳ ತೆಗೆಯಲೇಬೇಕು.

ಅಂದಾಜಿಗಾದರೂ ಇಸವಿಗಳು ಬೇಕು. ಚಾರ್ಲ್ಸ್ ಕೆಟರಿಂಗ್ 1910ರ ಸುಮಾರಿಗೆ ಕ್ಯಾಡಿಲಾಕ್‌ಗಾಗಿ ರೂಪಿಸಿದ ಬ್ಯಾಟರಿ–ಕಾಯಿಲ್–ಪಾಯಿಂಟ್ ವ್ಯವಸ್ಥೆಯೇ ಅಲ್ಲಿಂದ ಅರವತ್ತು ವರ್ಷ ನಡೆಯಿತು. 1963ರ ಪಾಂಟಿಯಾಕ್‌ಗಳಲ್ಲಿ ಟ್ರಾನ್ಸಿಸ್ಟರ್ ಇಗ್ನಿಷನ್ ಹೆಚ್ಚುವರಿ ಹಣ ಕೊಟ್ಟವರಿಗೆ ಸಿಗುತ್ತಿತ್ತು. 1971ರಲ್ಲಿ ಜಾಗ್ವಾರ್ ಇ-ಟೈಪ್ ವಿ12 ಕಾರು ಲ್ಯೂಕಾಸ್‌ನ ಎಲೆಕ್ಟ್ರಾನಿಕ್ ಇಗ್ನಿಷನ್ ಹೊತ್ತೇ ಬಂತು. ಅಮೆರಿಕದಲ್ಲಿ ಮೊದಲು ಪೂರ್ತಿ ಬದಲಾದದ್ದು ಕ್ರೈಸ್ಲರ್: 1971ರ ಕೊನೆಗೆ ಕೆಲವು ಎಂಜಿನ್‌ಗಳಲ್ಲಿ ಶುರುವಾಗಿ, 1973ರ ಮಾದರಿಗಳಿಗೆ ಎಲ್ಲದರಲ್ಲೂ ಬಂತು. ಫೋರ್ಡ್ ಮತ್ತು ಜನರಲ್ ಮೋಟರ್ಸ್ 1974ರಲ್ಲಿ ಅರೆಬರೆಯಾಗಿ, 1975ರಲ್ಲಿ ಪೂರ್ತಿಯಾಗಿ ಬದಲಾದವು. ಯುರೋಪ್ ಮತ್ತು ಜಪಾನಿನ ಎಷ್ಟೋ ಸಣ್ಣ ಕಾರುಗಳು ಎಂಬತ್ತರ ದಶಕಕ್ಕೂ ಪಾಯಿಂಟ್ ಹೊತ್ತುಕೊಂಡೇ ಕಾಲಿಟ್ಟವು.

1975ಕ್ಕೇ ಏಕೆ? ಶಕ್ತಿ ಹೆಚ್ಚಿಸುವ ಆಸೆಗಲ್ಲ, ಹೊಗೆಯ ಕಾನೂನಿಗಾಗಿ. ಅಮೆರಿಕದ 1970ರ ಶುದ್ಧ ಗಾಳಿ ಕಾಯ್ದೆಯ ಪ್ರಕಾರ ಕಾರು 50,000 ಮೈಲಿ ಓಡುವವರೆಗೂ ಹೊಗೆ ಮಿತಿಯೊಳಗಿರಬೇಕಿತ್ತು. 1975ರ ಮಾದರಿಗಳಿಗೆ ಹೊಗೆ ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಬಂತು. ಸ್ಪಾರ್ಕ್ ತಪ್ಪಿ ಉರಿಯದ ಪೆಟ್ರೋಲ್ ಅದರೊಳಗೆ ಹೋದರೆ ಅದು ಕಾದು ಸುಟ್ಟುಹೋಗುತ್ತದೆ. ಅಷ್ಟು ದೂರ ಒಂದೇ ಹದದಲ್ಲಿ ನಿಲ್ಲುವುದು ಪಾಯಿಂಟ್‌ನಿಂದ ಆಗದ ಮಾತು.

ಏಕೆಂದರೆ ಅದರ ಕೆಲಸವೇ ಸವೆಯುವಂಥದ್ದು. ಡಿಸ್ಟ್ರಿಬ್ಯೂಟರ್ ಶಾಫ್ಟ್‌ನ ಉಬ್ಬು ಭಾಗವಾದ ಕ್ಯಾಮ್ ತಿರುಗುತ್ತಾ ಪಾಯಿಂಟ್‌ನ ಫೈಬರ್ ತುಂಡನ್ನು ತಳ್ಳುತ್ತದೆ, ಸಂಪರ್ಕ ಬಿಡುತ್ತದೆ, ಕಾಯಿಲ್‌ನ ಕಾಂತಕ್ಷೇತ್ರ ಕುಸಿದು ಸಾವಿರಾರು ವೋಲ್ಟ್ ಹುಟ್ಟುತ್ತದೆ. ನಾಲ್ಕು ಸಿಲಿಂಡರ್ ಎಂಜಿನ್ 3,000 ಆರ್‌ಪಿಎಂನಲ್ಲಿದ್ದರೆ ಇದು ಸೆಕೆಂಡಿಗೆ 100 ಸಲ ಆಗಬೇಕು. ಪ್ರತಿ ಸಲವೂ ಮೂರು–ನಾಲ್ಕು ಆಂಪಿಯರ್ ಕಡಿಯುವಾಗ ಕಿಡಿ ಹಾರುತ್ತದೆ. ಆ ಕಿಡಿ ತಗ್ಗಿಸುವ ಕಂಡೆನ್ಸರ್ ಇದ್ದೂ ಒಂದು ಮುಖದಲ್ಲಿ ಗುಳಿ, ಎದುರಿನದರಲ್ಲಿ ಮೊಳಕೆ ಏಳುತ್ತದೆ. ಇತ್ತ ಫೈಬರ್ ಸವೆದಂತೆ ಗ್ಯಾಪ್ ಕಿರಿದಾಗುತ್ತದೆ, ಪಾಯಿಂಟ್ ತಡವಾಗಿ ತೆರೆಯುತ್ತದೆ, ಟೈಮಿಂಗ್ (ಪ್ಲಗ್‌ನಲ್ಲಿ ಕಿಡಿ ಹಾರುವ ಹೊತ್ತು) ಹಿಂದೆ ಬೀಳುತ್ತದೆ. ಇದೆಲ್ಲ ಎಷ್ಟು ಮೆಲ್ಲಗೆ ಆಗುತ್ತದೆಂದರೆ ಓಡಿಸುವವರಿಗೆ ತಿಳಿಯುವುದೇ ಇಲ್ಲ.

ಮುಚ್ಚಳ ತೆಗೆದು ನೋಡಿ

ಇಗ್ನಿಷನ್ ಆಫ್ ಮಾಡಿ, ಬ್ಯಾಟರಿಯ ಅರ್ತ್ ಕಳಚಿ. ಡಿಸ್ಟ್ರಿಬ್ಯೂಟರ್ ಮುಚ್ಚಳದ ಕ್ಲಿಪ್ ಅಥವಾ ಸ್ಕ್ರೂ ಬಿಚ್ಚಿ, ಅದರಡಿ ತಿರುಗುವ ರೋಟರನ್ನು ಮೇಲಕ್ಕೆ ಎಳೆಯಿರಿ. ಎದುರುಬದುರು ಎರಡು ಲೋಹದ ಗುಂಡಿ, ಪಕ್ಕದಲ್ಲಿ ಒಂದೇ ವೈರಿನ ಪುಟ್ಟ ಸಿಲಿಂಡರ್ ಕಂಡರೆ ಅದು ಪಾಯಿಂಟ್ ಮತ್ತು ಕಂಡೆನ್ಸರ್. ಹಲ್ಲುಹಲ್ಲಿನ ಚಕ್ರ ಮತ್ತು ಪಿಕಪ್ ಕಾಯಿಲ್ ಇದ್ದರೆ ಕಾರ್ಖಾನೆಯಿಂದಲೇ ಬಂದ ಎಲೆಕ್ಟ್ರಾನಿಕ್. ಕಪ್ಪು ಮಾಡ್ಯೂಲ್, ಶಾಫ್ಟ್‌ಗೆ ತೊಡಿಸಿದ ಮ್ಯಾಗ್ನೆಟ್ ಉಂಗುರ ಇದ್ದರೆ ಹಿಂದಿನ ಮಾಲೀಕರು ಯಾರೋ ಪಾಯಿಂಟ್ ಬದಲಿಗೆ ಕೂರುವ ಎಲೆಕ್ಟ್ರಾನಿಕ್ ಕಿಟ್ ಹಾಕಿಸಿದ್ದಾರೆಂದೇ ಲೆಕ್ಕ. ಜನರಲ್ ಮೋಟರ್ಸ್‌ನ ಎಲೆಕ್ಟ್ರಾನಿಕ್ ಇಗ್ನಿಷನ್‌ನ ವಿ8ಗಳಲ್ಲಿ ಇಷ್ಟೂ ಬೇಡ, ಕಾಯಿಲ್ ಮುಚ್ಚಳದ ತಲೆಯ ಮೇಲೇ ಕೂತಿರುತ್ತದೆ.

ಕಿಟ್ ಕೊಳ್ಳುವ ಮುನ್ನ

ಹೆಚ್ಚಿನವರು ಅವಸರಪಡುವುದು ಇಲ್ಲೇ. ಡಿಸ್ಟ್ರಿಬ್ಯೂಟರ್ ಶಾಫ್ಟನ್ನು ಬೆರಳಲ್ಲಿ ಹಿಡಿದು ಅಕ್ಕಪಕ್ಕ ಅಲ್ಲಾಡಿಸಿ. ಆಟ ಕೈಗೆ ಗೊತ್ತಾಗುವಷ್ಟಿದ್ದರೆ ಮೊದಲು ಶಾಫ್ಟ್ ಹಿಡಿದಿಡುವ ಬುಶ್ ಹಾಕಿಸಿ. ಪಾಯಿಂಟ್ ಕೆಟ್ಟಿದೆ ಎಂದು ಬೈಸಿಕೊಂಡ ಎಷ್ಟೋ ಗಾಡಿಗಳಲ್ಲಿ ಕೆಟ್ಟಿರುವುದು ಈ ಬುಶ್. ಕಿಟ್ ಇಂಥ ಆಟವನ್ನು ಸ್ವಲ್ಪ ತಾಳಿಕೊಂಡೀತು, ಆದರೆ ಟೈಮಿಂಗ್ ಚೆದುರುವುದು ಪೂರ್ತಿ ನಿಲ್ಲದು.

ಆಮೇಲೆ ಕಾಯಿಲ್. ವೈರ್ ಬಿಚ್ಚಿ, ಎರಡು ಸಣ್ಣ ಟರ್ಮಿನಲ್‌ಗಳ ನಡುವೆ ಮಲ್ಟಿಮೀಟರ್ ಇಡಿ. ಸುಮಾರು 3 ಓಮ್ ಬಂದರೆ ನೇರ 12 ವೋಲ್ಟ್‌ನ ಕಾಯಿಲ್. ಸುಮಾರು 1.5 ಬಂದರೆ ಅದರ ಹಿಂದೆ ವೋಲ್ಟೇಜ್ ತಗ್ಗಿಸುವ ಬ್ಯಾಲಸ್ಟ್ ರೆಸಿಸ್ಟರ್ ಇರಬೇಕು. ಕೆಲವು ಕಾರುಗಳಲ್ಲಿ ಬ್ಯಾಲಸ್ಟ್ ಕಣ್ಣಿಗೇ ಬೀಳದು. ವೈರಿಂಗ್ ಕಟ್ಟಿನೊಳಗಿನ ಒಂದು ವೈರೇ ರೆಸಿಸ್ಟರ್ ಆಗಿರುತ್ತದೆ, ನೋಡಲು ಉಳಿದವುಗಳಂತೆಯೇ. ವೈರ್‌ಗಳನ್ನೂ ಬ್ಯಾಟರಿಯ ಅರ್ತನ್ನೂ ಮತ್ತೆ ಕೂಡಿಸಿ, ಪಾಯಿಂಟ್ ಮುಚ್ಚಿರುವಾಗ ಇಗ್ನಿಷನ್ ಆನ್ ಮಾಡಿ ಕಾಯಿಲ್‌ಗೆ ಬರುವ ವೋಲ್ಟೇಜ್ ಅಳೆಯಿರಿ. 12ಕ್ಕೆ ಹತ್ತಿರವಿಲ್ಲದೆ 6ರಿಂದ 9ರ ನಡುವೆ ನಿಂತರೆ ಬ್ಯಾಲಸ್ಟ್ ಎಲ್ಲೋ ಇದೆ. ಸಾಮಾನ್ಯವಾಗಿ ಕಿಟ್‌ಗೆ ಪೂರ್ತಿ 12 ವೋಲ್ಟ್ ಬೇಕು. ಅದರ ಕೆಂಪು ವೈರನ್ನು ಬ್ಯಾಲಸ್ಟ್‌ಗಿಂತ ಮೊದಲೇ ಜೋಡಿಸಬೇಕು. ಕಿಟ್ ಹಾಕಿದ ಮೇಲೆ ಸ್ಟಾರ್ಟ್ ಆಗದ ಗಾಡಿಯಲ್ಲಿ ನಾನು ಮೊದಲು ನೋಡುವುದು ಈ ಜಾಗವನ್ನೇ.

ಬ್ಯಾಟರಿಯ ಯಾವ ತುದಿ ಕಾರಿನ ಮೈಗೆ ಬಿಗಿದಿದೆ ಎಂಬುದನ್ನೂ ನೋಡಿ. ಅರವತ್ತರ ದಶಕದವರೆಗಿನ ಎಷ್ಟೋ ಬ್ರಿಟಿಷ್ ಕಾರುಗಳು ಪಾಸಿಟಿವ್ ಅರ್ತ್‌ನವು, ಅವಕ್ಕೆ ಬೇರೆಯೇ ಕಿಟ್ ಬೇಕು. ಉಲ್ಟಾ ಜೋಡಿಸಿದರೆ ಮಾಡ್ಯೂಲ್ ಕ್ಷಣದಲ್ಲಿ ಸುಡುತ್ತದೆ.

ಬದಲಿಸುವುದು

ಎಂಜಿನ್ ತಿರುಗಿಸಿ ಒಂದನೇ ಸಿಲಿಂಡರನ್ನು ಟೈಮಿಂಗ್ ಗುರುತಿಗೆ ತನ್ನಿ. ರೋಟರ್ ಎತ್ತ ನೋಡುತ್ತಿದೆ ಎಂದು ಡಿಸ್ಟ್ರಿಬ್ಯೂಟರ್ ಮೈಮೇಲೆ ಗೀಟು ಹಾಕಿ, ವೈರ್‌ಗಳ ಫೋಟೊ ತೆಗೆದುಕೊಳ್ಳಿ. ಪಾಯಿಂಟ್‌ನ ಸ್ಕ್ರೂಗೆ ತುದಿಯಲ್ಲಿ ಮ್ಯಾಗ್ನೆಟ್ ಇರುವ ಸ್ಕ್ರೂಡ್ರೈವರ್ ಬಳಸಿ. ಬೇಸ್ ಪ್ಲೇಟ್‌ನ ತೂತಿನಿಂದ ಆ ಸ್ಕ್ರೂ ಒಳಗೆ ಬಿದ್ದರೆ ಡಿಸ್ಟ್ರಿಬ್ಯೂಟರನ್ನೇ ಹೊರತೆಗೆಯಬೇಕಾದೀತು.

ಪಾಯಿಂಟ್, ಕಂಡೆನ್ಸರ್ ತೆಗೆದ ಜಾಗ ಒರೆಸಿ ಮಾಡ್ಯೂಲ್ ಕೂರಿಸಿ, ಕ್ಯಾಮ್ ಮೇಲೆ ಉಂಗುರ ಒತ್ತಿ. ಕಿಟ್‌ನಲ್ಲಿ ಹೇಳಿದ ಗ್ಯಾಪ್ ಇಡಲು ಹಿತ್ತಾಳೆ ಅಥವಾ ಪ್ಲಾಸ್ಟಿಕ್ ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ಬಳಸಿ, ಉಕ್ಕಿನದು ಮ್ಯಾಗ್ನೆಟ್‌ಗೆ ಅಂಟಿಕೊಳ್ಳುತ್ತದೆ. ವೈರ್‌ಗಳಿಗೆ ಒಳಗೆ ಸ್ವಲ್ಪ ಸಡಿಲ ಬಿಡಿ. ಎಂಜಿನ್‌ನ ಹೀರುವಿಕೆಯಿಂದ ಟೈಮಿಂಗ್ ಮುಂದಕ್ಕೆ ತರುವ ವ್ಯಾಕ್ಯೂಮ್ ಅಡ್ವಾನ್ಸ್ ಎಳೆದಾಗ ಪ್ಲೇಟ್ ತಿರುಗುತ್ತದೆ, ಬಿಗಿಯಾಗಿದ್ದರೆ ಕ್ರಮೇಣ ವೈರ್ ಒಳಗೇ ತುಂಡಾಗುತ್ತದೆ. ಪ್ಲೇಟನ್ನು ಮೈಗೆ ಸೇರಿಸುವ ಹೆಣೆದ ಅರ್ತ್ ತಂತಿ ಗಟ್ಟಿಯಾಗಿದೆಯೇ ನೋಡಿ. ನೆಗೆಟಿವ್ ಅರ್ತ್ ಕಾರಿನಲ್ಲಿ ಸಾಮಾನ್ಯವಾಗಿ ಕೆಂಪು ವೈರ್ ಪಾಸಿಟಿವ್‌ಗೆ, ಕಪ್ಪು ಕಾಯಿಲ್‌ನ ನೆಗೆಟಿವ್‌ಗೆ.

ಪ್ಲಗ್ ವೈರ್‌ಗಳು ಬರೀ ತಾಮ್ರದವಾದರೆ ಕಾರ್ಬನ್ ಕೋರ್‌ನವು ಹಾಕಿ, ಇಲ್ಲದಿದ್ದರೆ ಅವುಗಳ ವಿದ್ಯುತ್ ಗದ್ದಲ ಮಾಡ್ಯೂಲನ್ನು ಕಾಡುತ್ತದೆ. ಪ್ಲಗ್ ಗ್ಯಾಪ್ ಕಂಪನಿ ಹೇಳಿದಷ್ಟೇ ಇರಲಿ. ಜನರಲ್ ಮೋಟರ್ಸ್ 1.5 ಮಿ.ಮೀ.ವರೆಗೆ ಹೋದದ್ದು ತನ್ನದೇ ಬಲವಾದ ಕಾಯಿಲ್ ನಂಬಿ.

ಕೊನೆಗೆ ಟೈಮಿಂಗ್ ಲೈಟ್, ಅಂದರೆ ಕಿಡಿಯ ಜೊತೆಗೇ ಮಿನುಗಿ ಗುರುತು ತೋರಿಸುವ ದೀಪ. ಕಿಡಿ ಹುಟ್ಟುವ ಜಾಗ ಬದಲಾಗಿರುವುದರಿಂದ ಇದನ್ನು ಬಿಡುವಂತಿಲ್ಲ. ವ್ಯಾಕ್ಯೂಮ್ ಪೈಪ್ ಕಳಚಿ ಬಾಯಿ ಮುಚ್ಚಿ, ಐಡಲ್‌ನಲ್ಲಿ ಗುರುತು ಹೊಂದಿಸಿ ಬಿಗಿಯಿರಿ. ಇನ್ನು ಮೇಲೆ ಎಂಜಿನ್ ನಿಂತಿರುವಾಗ ಇಗ್ನಿಷನ್ ಆನ್ ಬಿಟ್ಟು ಹಾಡು ಕೇಳುತ್ತ ಕೂರಬೇಡಿ, ಕಾಯಿಲ್, ಮಾಡ್ಯೂಲ್ ಎರಡೂ ಬಿಸಿಯಾಗುತ್ತವೆ.

ಕಿಟ್ ಹಾಕಿದರೆ ಕಾರು ಹಾರುತ್ತದೆ ಎಂಬ ಜಾಹೀರಾತನ್ನು ನಾನು ನಂಬುವುದಿಲ್ಲ. ಹದವಾಗಿ ಹೊಂದಿಸಿದ ಪಾಯಿಂಟ್‌ಗೂ ಇದಕ್ಕೂ ಸಾಮಾನ್ಯ ವೇಗದಲ್ಲಿ ವ್ಯತ್ಯಾಸ ಸಿಗದು. ಸಿಗುವ ಲಾಭ ಮತ್ತೆ ಮತ್ತೆ ಹೊಂದಿಸುವ ತಾಪತ್ರಯ ತಪ್ಪುವುದು, ತಣ್ಣನೆಯ ಬೆಳಿಗ್ಗೆ ಬೇಗ ಸ್ಟಾರ್ಟ್ ಆಗುವುದು. ಒಂದು ನಷ್ಟವೂ ಉಂಟು: ಪಾಯಿಂಟ್ ಕೆಡುವ ಮೊದಲು ಕೆಮ್ಮಿ, ತಡವರಿಸಿ ಸೂಚನೆ ಕೊಡುತ್ತದೆ, ಮಾಡ್ಯೂಲ್ ಹೇಳದೆ ಕೇಳದೆ ನಿಂತುಬಿಡುತ್ತದೆ. ಆದ್ದರಿಂದ ತೆಗೆದ ಪಾಯಿಂಟ್, ಕಂಡೆನ್ಸರ್, ಅವುಗಳ ಸ್ಕ್ರೂ, ಒಂದು ಫೀಲರ್ ಗೇಜ್ ಎಲ್ಲವನ್ನೂ ಒಂದು ಡಬ್ಬಿಯಲ್ಲಿ ಹಾಕಿ ಡಿಕ್ಕಿಯಲ್ಲಿಡಿ. ನಾಲ್ಕು ಸಿಲಿಂಡರ್ ಕಾರುಗಳಲ್ಲಿ ಪಾಯಿಂಟ್ ಗ್ಯಾಪ್ ಹೆಚ್ಚಾಗಿ 0.35ರಿಂದ 0.40 ಮಿ.ಮೀ.; ನಿಮ್ಮ ಗಾಡಿಯದ್ದನ್ನು ಕೈಪಿಡಿ ನೋಡಿ ಡಬ್ಬಿಯ ಮುಚ್ಚಳದ ಮೇಲೆ ಬರೆದಿಡಿ.