ಡಿವಿಡೆಂಡ್ ಮರುಹೂಡಿಕೆ: ಬೆಲೆ ಬಿಟ್ಟು ಷೇರಿನ ಸಂಖ್ಯೆ ನೋಡುವ ನನ್ನ ಲೆಕ್ಕ

ಅಮೆರಿಕದಲ್ಲಿ ಬ್ರೋಕರ್ ಆ್ಯಪ್‌ನಲ್ಲಿ ಒಂದು ಆಯ್ಕೆ ಒತ್ತಿಟ್ಟರೆ ಸಾಕು, ಬಂದ ಡಿವಿಡೆಂಡ್ (ಕಂಪನಿ ಷೇರುದಾರರಿಗೆ ಹಂಚುವ ಲಾಭದ ಪಾಲು) ತಾನಾಗಿಯೇ ಅದೇ ಕಂಪನಿಯ ಷೇರಾಗುತ್ತದೆ. ಕಾಲು ಷೇರು, ಅರ್ಧ ಷೇರೂ ಸಿಗುತ್ತದೆ. ನಮ್ಮಲ್ಲಿ ಆ ಸೌಕರ್ಯ ಇಲ್ಲ. ಕೊಂಡರೆ ಇಡೀ ಷೇರನ್ನೇ ಕೊಳ್ಳಬೇಕು, ಡಿವಿಡೆಂಡ್ ಬ್ರೋಕರ್ ಕಡೆ ಹೋಗದೆ ನೇರ ಬ್ಯಾಂಕ್ ಖಾತೆಗೆ ಬೀಳುತ್ತದೆ. ಅಲ್ಲಿ ಸಂಬಳ, ಕರೆಂಟ್ ಬಿಲ್ಲು, ಯುಪಿಐ ಎಲ್ಲದರ ಜೊತೆ ಕಲಸಿಹೋಗಿ, ಬಂದದ್ದು ಗಮನಕ್ಕೆ ಬರುವ ಮೊದಲೇ ಖರ್ಚಾಗಿರುತ್ತದೆ. ಡಿವಿಡೆಂಡ್ ಷೇರು ಇಟ್ಟುಕೊಂಡೂ ಆಸ್ತಿ ಬೆಳೆಯದಿರಲು ಕೆಟ್ಟ ಷೇರಿಗಿಂತ ಈ ಸೋರಿಕೆಯೇ ಹೆಚ್ಚಾಗಿ ಕಾರಣ ಎನ್ನುವುದು ನನ್ನ ಅನಿಸಿಕೆ. ಹಾಗಾಗಿ ನನ್ನ ಪದ್ಧತಿಯಲ್ಲಿ ಷೇರು ಆರಿಸುವುದು ಅರ್ಧ ಕೆಲಸ, ಉಳಿದರ್ಧ ನಲ್ಲಿ ರಿಪೇರಿ.

ಮೊದಲು ಒಂದು ಲೆಕ್ಕ ಬಿಡಿಸಿ ನೋಡೋಣ. ಐಟಿಸಿಯ 1000 ಷೇರು ಇವೆ, ಮಾಲೀಕರು ಶೇ 20.8ರ ತೆರಿಗೆ ಹಂತದಲ್ಲಿದ್ದಾರೆ (ಶೇ 20, ಅದರ ಮೇಲೆ ಸೆಸ್) ಎಂದಿಟ್ಟುಕೊಳ್ಳಿ. 2019-20ರ ಸಾಲಿಗೆ ಕಂಪನಿ ಕೊಟ್ಟದ್ದು ಷೇರಿಗೆ 10.15 ರೂಪಾಯಿ. ತೆರಿಗೆ ಕಳೆದು ಕೈಯಲ್ಲಿ ಉಳಿಯುವುದು ಸುಮಾರು 8,040. ಆಗ ಬೆಲೆ 195ರ ಆಸುಪಾಸು, ಅಂದರೆ 41 ಷೇರು. ಮರುವರ್ಷ 10.75 ರೂಪಾಯಿಯಂತೆ 1041 ಷೇರಿಗೆ. ತೆರಿಗೆ ಕಳೆದು 8,860, ಬೆಲೆ 210ರ ಹತ್ತಿರ, 42 ಷೇರು. 2021-22ಕ್ಕೆ 11.50 ರೂಪಾಯಿ, ಎರಡು ಕಂತಿನ ಸರಾಸರಿ ಬೆಲೆ 260 ಎಂದು ಹಿಡಿದರೆ 37 ಷೇರು. 2022-23ಕ್ಕೆ ವಿಶೇಷ (ಒಂದು ಸಲಕ್ಕೆಂದು ಕೊಡುವ) ಡಿವಿಡೆಂಡ್ ಸೇರಿ 15.50 ರೂಪಾಯಿ, ಕೈಗೆ ಸುಮಾರು 13,750. ಆದರೆ ಅಷ್ಟು ಹೊತ್ತಿಗೆ ಬೆಲೆ 430ರ ಆಜುಬಾಜಿಗೆ ಏರಿತ್ತು, ಸಿಕ್ಕಿದ್ದು 31 ಷೇರು ಮಾತ್ರ.

ನಾಲ್ಕು ಸಾಲಿನ ಡಿವಿಡೆಂಡ್‌ನಿಂದ 1000 ಷೇರು 1151 ಆಯಿತು. ಜೇಬಿನಿಂದ ಹೊಸದಾಗಿ ಒಂದು ರೂಪಾಯಿಯೂ ಹೋಗಿಲ್ಲ. ಗಮನಿಸಬೇಕಾದದ್ದು ಕೊನೆಯ ಸಾಲನ್ನು: ಡಿವಿಡೆಂಡ್ ಹೆಚ್ಚು ಬಂತು, ಷೇರು ಕಡಿಮೆ ಬಂತು. ‘ಐಟಿಸಿ ಅಲುಗಾಡುವುದೇ ಇಲ್ಲ’ ಎಂದು ಜನ ಗೇಲಿ ಮಾಡುತ್ತಿದ್ದ 2020, 2021ರಲ್ಲೇ ಮರುಹೂಡಿಕೆ ಮಾಡುವವರಿಗೆ ಸುಗ್ಗಿ. ಕೊಳ್ಳುವ ಹಂತದಲ್ಲಿ ಇರುವವರಿಗೆ ಬೆಲೆ ಮಲಗಿರುವುದು ತೊಂದರೆಯಲ್ಲ, ಕಂಪನಿಯ ಗಳಿಕೆ ಮಲಗಬಾರದು ಅಷ್ಟೆ.

ಹಾಗಾಗಿ ನನ್ನ ಗೂಗಲ್ ಶೀಟ್‌ನಲ್ಲಿ ಮುಖ್ಯ ಕಾಲಂ ಷೇರುಗಳ ಸಂಖ್ಯೆ, ಅದರ ಪಕ್ಕ ಷೇರೊಂದಕ್ಕೆ ಬಂದ ಡಿವಿಡೆಂಡ್. ಎರಡನ್ನೂ ಗುಣಿಸಿದರೆ ವರ್ಷದ ಆದಾಯ. ಎರಡೂ ಏರುತ್ತಿದ್ದರೆ ಆದಾಯ ಎರಡು ಕಡೆಯಿಂದ ಬೆಳೆಯುತ್ತದೆ. ಒಂದೇ ಏರುತ್ತಿದ್ದರೆ ಯಾವುದು ನಿಂತಿದೆ ಎಂದು ಕೂಡಲೇ ಕಾಣುತ್ತದೆ. ‘ನಾನು 200ಕ್ಕೆ ಕೊಂಡಿದ್ದೆ, ಈಗ 14.35 ಬರುತ್ತಿದೆ, ಶೇ 7 ಯೀಲ್ಡ್’ (ಬೆಲೆಯ ಶೇಕಡ ಎಷ್ಟು ಡಿವಿಡೆಂಡ್ ಎಂಬುದು) ಎಂಬ ಲೆಕ್ಕವನ್ನು ಶೀಟ್‌ನಲ್ಲಿ ಇಟ್ಟೇ ಇಲ್ಲ. ಕೇಳಲು ಹಿತ, ಅಷ್ಟೇ. ಇಂದಿನ ರೂಪಾಯಿಯನ್ನು ಎಲ್ಲಿ ಹಾಕಬೇಕೆಂದು ತೀರ್ಮಾನಿಸಲು ಬೇಕಿರುವುದು ಇಂದಿನ ಬೆಲೆಯ ಮೇಲಿನ ಯೀಲ್ಡ್.

ಇನ್ನು ನಲ್ಲಿ ರಿಪೇರಿ. ಡಿವಿಡೆಂಡ್ ಹೋಗುವುದು ಡಿಮ್ಯಾಟ್‌ಗೆ (ಷೇರು ಇಡುವ ಡಿಜಿಟಲ್ ಖಾತೆ) ಜೋಡಿಸಿದ ಮುಖ್ಯ ಬ್ಯಾಂಕ್ ಖಾತೆಗೆ. ಅದಕ್ಕೆಂದೇ ಒಂದು ಉಳಿತಾಯ ಖಾತೆ ಇಡುವುದು ನನ್ನ ಪದ್ಧತಿ. ಡೆಬಿಟ್ ಕಾರ್ಡ್ ಇಲ್ಲ, ಯುಪಿಐ ಜೋಡಿಸಿಲ್ಲ. ಅಲ್ಲಿಂದ ಹಣ ಹೊರಗೆ ಹೋಗಲು ಎರಡೇ ದಾರಿ, ಬ್ರೋಕರ್ ಮತ್ತು ಆದಾಯ ತೆರಿಗೆ.

ಕರ್ನಾಟಕದವರು ಇಲ್ಲಿ ಒಂದು ವಿಷಯ ತಪ್ಪದೇ ನೋಡಬೇಕು. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ ಎಸ್‌ಬಿಐಗೆ, ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾಗೆ, ಸಿಂಡಿಕೇಟ್ ಬ್ಯಾಂಕ್ ಮತ್ತು ಕಾರ್ಪೊರೇಷನ್ ಬ್ಯಾಂಕ್ 2020ರಲ್ಲಿ ಕ್ರಮವಾಗಿ ಕೆನರಾ ಮತ್ತು ಯೂನಿಯನ್ ಬ್ಯಾಂಕ್‌ಗೆ ಸೇರಿದವು. ಹಳೆಯ ಐಎಫ್‌ಎಸ್‌ಸಿ ಕೋಡ್‌ಗಳು ಆಮೇಲೆ ನಿಂತುಹೋದವು. ಸಿಂಡಿಕೇಟ್‌ನವು 2021ರ ಜುಲೈಯಿಂದ. ಅಪ್ಪ-ಅಮ್ಮನ ಕಾಲದ ಡಿಮ್ಯಾಟ್‌ನಲ್ಲಿ ಆ ಹಳೆಯ ವಿವರವೇ ಕೂತಿದ್ದರೆ ಡಿವಿಡೆಂಡ್ ಖಾತೆಗೆ ಬರದೆ ವಾಪಸ್ ಹೋಗುತ್ತದೆ. ಪಾವತಿಯಾಗದೆ ಉಳಿದ ಹಣ ಕಂಪನಿಯ ಪ್ರತ್ಯೇಕ ಖಾತೆಯಲ್ಲಿ ಕೂರುತ್ತದೆ, ಏಳು ವರ್ಷವಾದರೆ ಐಇಪಿಎಫ್ ಎಂಬ ಸರ್ಕಾರಿ ನಿಧಿಗೆ. ಸತತ ಏಳು ವರ್ಷ ಡಿವಿಡೆಂಡ್ ಪಡೆಯದಿದ್ದರೆ ಷೇರುಗಳೂ ಅಲ್ಲಿಗೇ ಹೋಗುತ್ತವೆ. ವಾಪಸ್ ಪಡೆಯಬಹುದು, ಆದರೆ ಆ ಅರ್ಜಿ, ಕಾಗದಪತ್ರದ ಓಡಾಟ ಯಾರಿಗೂ ಬೇಡ. ಅದಕ್ಕಿಂತ ಬ್ಯಾಂಕ್ ವಿವರ ಇವತ್ತೇ ಬದಲಿಸಿ. ಡಿವಿಡೆಂಡ್ ಘೋಷಣೆಯಾಗಿ 30 ದಿನದೊಳಗೆ ಪಾವತಿಯಾಗಬೇಕು ಎಂಬುದು ಕಾನೂನು. ಅಂತಿಮ ಡಿವಿಡೆಂಡ್ ವಾರ್ಷಿಕ ಸಭೆಯ ಒಪ್ಪಿಗೆ ಸಿಕ್ಕ ಮೇಲೆ ಬರುವುದರಿಂದ ರೆಕಾರ್ಡ್ ದಿನಾಂಕವಾಗಿ (ಅಂದು ಯಾರ ಖಾತೆಯಲ್ಲಿ ಷೇರು ಇದೆಯೋ ಅವರಿಗೆ ಡಿವಿಡೆಂಡ್) ಎರಡು ತಿಂಗಳೂ ಆಗಬಹುದು. ಶೀಟ್‌ನಲ್ಲಿ ‘ಬರಬೇಕಾದದ್ದು’, ‘ಬಂದದ್ದು’ ಎಂದು ಎರಡು ಕಾಲಂ ಇದ್ದರೆ ಯಾವುದು ತಪ್ಪಿದೆ ಎಂದು ತಿಳಿಯುತ್ತದೆ.

ದಿನಾಂಕಗಳ ಬಗ್ಗೆ ಎರಡೇ ಮಾತು. 2023ರ ಜನವರಿಯಿಂದ ಎಲ್ಲ ಷೇರುಗಳೂ ಟಿ+1 (ಕೊಂಡ ಮರು ವಹಿವಾಟಿನ ದಿನ ಷೇರು ಖಾತೆಗೆ ಬರುವ) ಪದ್ಧತಿಗೆ ಬಂದ ಮೇಲೆ ಎಕ್ಸ್-ಡೇಟ್ (ಅಂದಿನಿಂದ ಕೊಂಡವರಿಗೆ ಆ ಡಿವಿಡೆಂಡ್ ಇಲ್ಲ) ಮತ್ತು ರೆಕಾರ್ಡ್ ದಿನಾಂಕ ಸಾಮಾನ್ಯವಾಗಿ ಒಂದೇ ದಿನ. ಅದರ ಹಿಂದಿನ ವಹಿವಾಟಿನ ದಿನವಾದರೂ ಷೇರು ಕೊಂಡಿರಬೇಕು. ಆದರೆ ಡಿವಿಡೆಂಡ್‌ಗಾಗಿ ಹಿಂದಿನ ದಿನ ಓಡಿಹೋಗಿ ಕೊಳ್ಳುವುದರಲ್ಲಿ ಹುರುಳಿಲ್ಲ. ಎಕ್ಸ್-ಡೇಟ್ ದಿನ ಬೆಲೆ ಸುಮಾರಾಗಿ ಅಷ್ಟೇ ಇಳಿಯುತ್ತದೆ, ನಿಮ್ಮದೇ ದುಡ್ಡು ನಿಮಗೆ ವಾಪಸ್ ಬಂದು ಅದರ ಮೇಲೆ ತೆರಿಗೆ ಬೀಳುತ್ತದೆ. ‘ಶೇ 1500 ಡಿವಿಡೆಂಡ್’ ಎಂಬ ತಲೆಬರಹಕ್ಕೂ ಮರುಳಾಗಬೇಡಿ, ಅದು ಮುಖಬೆಲೆಯ ಮೇಲೆ. ಮುಖಬೆಲೆ 1 ರೂಪಾಯಿಯಾದರೆ 15 ರೂಪಾಯಿ.

ಆಯ್ಕೆಯಲ್ಲಿ ನಾನು ಮೊದಲು ನೋಡುವುದು ಹತ್ತು ವರ್ಷದ ಡಿವಿಡೆಂಡ್ ಪಟ್ಟಿ. ವಿಶೇಷ ಡಿವಿಡೆಂಡ್ ತೆಗೆದು ನೋಡಬೇಕು. ಆಮೇಲೆ ಲಾಭದಲ್ಲಿ ಎಷ್ಟು ಪಾಲು ಹಂಚುತ್ತಾರೆ, ಆ ಹಣ ವ್ಯಾಪಾರದಿಂದ ಬಂದ ನಗದೋ ಸಾಲವೋ ಎಂಬುದು. ಮೂರು ವರ್ಷದ ಫ್ರೀ ಕ್ಯಾಶ್‌ಫ್ಲೋ (ವ್ಯಾಪಾರದಿಂದ ಬಂದ ನಗದಿನಲ್ಲಿ ಯಂತ್ರ, ಕಟ್ಟಡದಂಥ ಖರ್ಚು ಕಳೆದು ಉಳಿದದ್ದು) ಕೂಡಿಸಿ ಮೂರು ವರ್ಷದ ಡಿವಿಡೆಂಡ್ ಮೊತ್ತಕ್ಕೆ ಹೋಲಿಸಿದರೆ ಸಾಕು; ಕೊಟ್ಟದ್ದು ಬಂದದ್ದಕ್ಕಿಂತ ಹೆಚ್ಚಿದ್ದರೆ ಅಲ್ಲಿಗೇ ಬಿಟ್ಟೆ.

ಸ್ಕ್ರೀನರ್‌ನಲ್ಲಿ (ಷೇರುಗಳನ್ನು ಸೋಸಿ ತೋರಿಸುವ ತಾಣ) ಯೀಲ್ಡ್ ಪ್ರಕಾರ ಸಾಲು ಮಾಡಿ ಮೇಲಿನದನ್ನು ಕೊಳ್ಳುವುದು ಎಷ್ಟು ಅಪಾಯ ಎಂಬುದಕ್ಕೆ ಗಣಿ ಕಂಪನಿ ವೇದಾಂತ ಸಾಕು. 2022-23ರಲ್ಲಿ ಐದು ಕಂತಿನಲ್ಲಿ ಷೇರಿಗೆ 101.50 ರೂಪಾಯಿ ಕೊಟ್ಟಿತು. 2023ರ ಮಾರ್ಚ್ ಕೊನೆಗೆ ಬೆಲೆ 275ರ ಹತ್ತಿರ; ಲೆಕ್ಕಕ್ಕೆ ಶೇ 36ಕ್ಕೂ ಮೇಲೆ ಯೀಲ್ಡ್. ಮೂಗಿಗೆ ತುಪ್ಪ ಸವರಿದಂತೆ. ಮರುವರ್ಷ ಬಂದದ್ದು 29.50. ಸ್ಕ್ರೀನರ್ ತೋರಿಸುವುದು ಕಳೆದ ವರ್ಷದ ಕಥೆ, ನೀವು ಕೊಳ್ಳುತ್ತಿರುವುದು ಮುಂದಿನ ವರ್ಷದ್ದು.

ಕೋಲ್ ಇಂಡಿಯಾ ಬೇರೆ ಥರ. 2015-16ರಲ್ಲಿ 27.40 ರೂಪಾಯಿ, ಮುಂದೆ 19.90, 16.50, 13.10, 2019-20ರಲ್ಲಿ 12. ಆಮೇಲೆ 16, 17, 24.25, 25.50 ಎಂದು ಹತ್ತಿತು. ನಾಲ್ಕು ವರ್ಷ ಸತತ ಇಳಿಕೆ ಕಂಡು ಬಿಟ್ಟವರೂ ಇದ್ದಾರೆ, 2020ರಲ್ಲಿ 130ರ ಆಸುಪಾಸಿನಲ್ಲಿ ಷೇರು ಕೂಡಿಸಿಕೊಂಡವರೂ ಇದ್ದಾರೆ. ಕಲ್ಲಿದ್ದಲು, ಲೋಹ, ತೈಲ ಇಂಥ ಏರಿಳಿತದ ವ್ಯಾಪಾರಗಳನ್ನು ನಾನು ಒಟ್ಟು ಹೂಡಿಕೆಯ ಐದನೇ ಒಂದು ಭಾಗ ಮೀರಲು ಬಿಡುವುದಿಲ್ಲ. ಸರ್ಕಾರಿ ಕಂಪನಿಗಳಿಗೆ ಲಾಭದ ಶೇ 30 ಅಥವಾ ನಿವ್ವಳ ಮೌಲ್ಯದ (ಆಸ್ತಿಯಲ್ಲಿ ಸಾಲ ಕಳೆದು ಉಳಿದದ್ದು) ಶೇ 4, ಯಾವುದು ಹೆಚ್ಚೋ ಅದನ್ನು ಹಂಚಬೇಕೆಂಬ ಮಾರ್ಗಸೂಚಿ ಇದೆ (2024ರ ನವೆಂಬರ್‌ನ ಪರಿಷ್ಕರಣೆ). ಅದೊಂದು ಆಸರೆ ಹೌದು, ಆದರೆ ನಿಯಮ ಇರುವುದು ಖಜಾನೆಗಾಗಿ, ನಮಗಾಗಿ ಅಲ್ಲ. ಬ್ಯಾಂಕ್ ಷೇರುಗಳ ವಿಷಯದಲ್ಲಿ 2020ರ ಏಪ್ರಿಲ್ ನೆನಪಿರಲಿ: ಕೋವಿಡ್ ಕಾರಣಕ್ಕೆ ರಿಸರ್ವ್ ಬ್ಯಾಂಕ್ ಆ ಸಾಲಿನ ಡಿವಿಡೆಂಡ್ ಕೊಡಬೇಡಿ ಎಂದಿತು, ಎಲ್ಲ ಬ್ಯಾಂಕುಗಳದ್ದೂ ಒಟ್ಟಿಗೆ ನಿಂತಿತು. ಹತ್ತು ಬ್ಯಾಂಕ್ ಷೇರು ಇದ್ದರೂ ಆ ವರ್ಷಕ್ಕೆ ಅದು ಒಂದೇ ಷೇರು ಇದ್ದ ಹಾಗೆ.

ಬಂದ ಹಣವನ್ನು ಅದೇ ಕಂಪನಿಗೆ ಹಾಕಬೇಕೆಂಬ ನಿಯಮವಿಲ್ಲ. ನನ್ನ ಕ್ರಮ ಹೀಗೆ: ಡಿವಿಡೆಂಡ್ ಖಾತೆಯಲ್ಲಿ 10,000 ರೂಪಾಯಿ ಕೂಡುವವರೆಗೆ ಕಾಯುವುದು. ಅಂತಿಮ ಡಿವಿಡೆಂಡ್‌ಗಳು ಹೆಚ್ಚಾಗಿ ಜೂನ್‌ನಿಂದ ಸೆಪ್ಟೆಂಬರ್ ನಡುವೆ ಬರುವುದರಿಂದ ಅಲ್ಲಿ ಖರೀದಿ ಜಾಸ್ತಿ. ನವೆಂಬರ್ ಮತ್ತು ಫೆಬ್ರುವರಿ-ಮಾರ್ಚ್‌ನಲ್ಲಿ ಮಧ್ಯಂತರ (ವರ್ಷ ಮುಗಿಯುವ ಮೊದಲೇ ಕೊಡುವ) ಡಿವಿಡೆಂಡ್‌ಗಳದ್ದು. ಪಟ್ಟಿಯಲ್ಲಿರುವ ಕಂಪನಿಗಳಲ್ಲಿ ಯಾವುದರ ಇಂದಿನ ಯೀಲ್ಡ್ ತನ್ನದೇ ಹತ್ತು ವರ್ಷದ ಸರಾಸರಿಗಿಂತ ಹೆಚ್ಚಿದೆ, ಒಟ್ಟಿನಲ್ಲಿ ಅದರ ಪಾಲು ಶೇ 10ಕ್ಕಿಂತ ಕಡಿಮೆ ಇದೆ, ಅದಕ್ಕೆ ಹಣ. ಎರಡು ಇದ್ದರೆ ಪಾಲು ಕಡಿಮೆ ಇರುವುದಕ್ಕೆ. 10,000ದ ಖರೀದಿಗೆ ಎಸ್‌ಟಿಟಿ (ಷೇರು ವಹಿವಾಟಿನ ತೆರಿಗೆ) 10 ರೂಪಾಯಿ, ಸ್ಟಾಂಪ್ ಶುಲ್ಕ ಒಂದೂವರೆ ರೂಪಾಯಿ, ಉಳಿದದ್ದು ಪೈಸೆಗಳು. ಬ್ರೋಕರೇಜ್ ಸೊನ್ನೆಯಿದ್ದರೆ ಇಷ್ಟೇ. ಕನಿಷ್ಠ 20 ರೂಪಾಯಿ ಹಿಡಿಯುವ ಬ್ರೋಕರ್ ಆದರೆ 2,000 ರೂಪಾಯಿಗೆ ಕೊಂಡಾಗ ಶೇ 1 ಅಲ್ಲೇ ಹೋಯಿತು. 10,000ದ ಮಿತಿ ಇಟ್ಟಿರುವುದು ಅದಕ್ಕೇ.

ಪ್ರತಿ ಖರೀದಿಗೂ ದಿನಾಂಕ, ಸಂಖ್ಯೆ, ಬೆಲೆ ಬರೆದಿಡಬೇಕು. ಮಾರುವಾಗ ಮೊದಲು ಬಂದದ್ದು ಮೊದಲು ಹೋಗುತ್ತದೆ, ಇಪ್ಪತ್ತು ವರ್ಷದಲ್ಲಿ ಒಂದೇ ಕಂಪನಿಯ ನಲವತ್ತು ತುಂಡು ಖರೀದಿಗಳಾಗಿರುತ್ತವೆ. ಮಧ್ಯೆ ಕಂಪನಿಯೇ ವಿಭಜನೆಯಾದರೆ ಇನ್ನೂ ಗೋಜಲು: 2025ರ ಜನವರಿಯಲ್ಲಿ ಐಟಿಸಿಯ ಪ್ರತಿ 10 ಷೇರಿಗೆ ಐಟಿಸಿ ಹೋಟೆಲ್ಸ್‌ನ 1 ಷೇರು ಬಂದಾಗ ಹಳೆಯ ಪ್ರತಿ ಖರೀದಿಯ ಬೆಲೆಯನ್ನೂ ಕಂಪನಿ ತಿಳಿಸಿದ ಅನುಪಾತದಲ್ಲಿ ಹಂಚಬೇಕಾಯಿತು.

ತೆರಿಗೆಯೇ ಇಲ್ಲಿ ದೊಡ್ಡ ತೂತು. 2020ರ ಏಪ್ರಿಲ್‌ವರೆಗೆ ಕಂಪನಿಯೇ ಡಿವಿಡೆಂಡ್ ವಿತರಣಾ ತೆರಿಗೆ ಕಟ್ಟುತ್ತಿತ್ತು. ಆಮೇಲೆ ಅದು ಷೇರುದಾರರ ಆದಾಯಕ್ಕೆ ಸೇರಿ ಅವರವರ ಹಂತದ ಪ್ರಕಾರ ತೆರಿಗೆ. ಒಂದು ಕಂಪನಿಯಿಂದ ವರ್ಷಕ್ಕೆ 10,000 ರೂಪಾಯಿ ಮೀರಿದರೆ ಶೇ 10 ಟಿಡಿಎಸ್, ಅಂದರೆ ಕೊಡುವಾಗಲೇ ಹಿಡಿಯುವ ತೆರಿಗೆ (2025ರ ಏಪ್ರಿಲ್‌ಗೆ ಮೊದಲು ಈ ಮಿತಿ 5,000 ಇತ್ತು). ಟಿಡಿಎಸ್ ಹಿಡಿದರು ಎಂದರೆ ಮುಗಿಯಿತು ಎಂದು ಹಲವರು ಅಂದುಕೊಳ್ಳುತ್ತಾರೆ. ಶೇ 30ರ ಹಂತದವರಿಗೆ ಸೆಸ್ ಸೇರಿ ಇನ್ನೂ ಶೇ 21.2 ಕಟ್ಟಲು ಬಾಕಿ. ಅದನ್ನು ಡಿವಿಡೆಂಡ್ ಬಂದ ದಿನವೇ ಬೇರೆ ಇಡುತ್ತೇನೆ, ಉಳಿದದ್ದಷ್ಟೇ ಮರುಹೂಡಿಕೆ. ಇಲ್ಲವಾದರೆ ಮುಂಗಡ ತೆರಿಗೆಯ ಕಂತಿಗೆ ಸಂಬಳಕ್ಕೆ ಕೈಹಾಕಬೇಕಾಗುತ್ತದೆ. ರಿಟರ್ನ್ಸ್ ಸಲ್ಲಿಸುವಾಗ ಯಾವ ಅವಧಿಯಲ್ಲಿ ಎಷ್ಟು ಬಂತು ಎಂದು ಕೇಳುತ್ತಾರೆ. ಶೀಟನ್ನು ಎಐಎಸ್ (ತೆರಿಗೆ ಇಲಾಖೆಯ ತಾಣದಲ್ಲಿ ಸಿಗುವ ನಿಮ್ಮ ಆದಾಯದ ಪಟ್ಟಿ) ಜೊತೆ ತಾಳೆ ನೋಡಿ.

ತೂತಿನ ಗಾತ್ರ ಹೀಗಿದೆ. ಶೇ 3 ಯೀಲ್ಡ್‌ನ 1000 ಷೇರು, 20 ವರ್ಷ ಮರುಹೂಡಿಕೆ. ತೆರಿಗೆ ಇಲ್ಲದಿದ್ದರೆ 1806 ಷೇರು. ಶೇ 20.8ರಲ್ಲಿ 1599. ಶೇ 31.2ರಲ್ಲಿ 1505. ಹೊಸ ತೆರಿಗೆ ಪದ್ಧತಿಯಲ್ಲಿ ಒಟ್ಟು ಆದಾಯ 12 ಲಕ್ಷದೊಳಗಿದ್ದರೆ ರಿಯಾಯಿತಿಯಿಂದ ಡಿವಿಡೆಂಡ್ ಮೇಲೂ ತೆರಿಗೆ ಶೂನ್ಯ, ಅಂಥವರಿಗೆ ಮೊದಲ ಲೆಕ್ಕವೇ ಸಿಗುತ್ತದೆ. ಸಂಗಾತಿಯ ಹೆಸರಿಗೆ ಹಣ ಕೊಟ್ಟು ಷೇರು ಕೊಂಡರೆ ಆ ಡಿವಿಡೆಂಡ್ ಕೊಟ್ಟವರ ಆದಾಯಕ್ಕೇ ಸೇರುತ್ತದೆ. ಆದರೆ ಆ ಡಿವಿಡೆಂಡ್‌ನಿಂದ ಕೊಂಡ ಷೇರಿನ ಆದಾಯ ಅವರದೇ. ತಂದೆತಾಯಿಗೆ ಕೊಟ್ಟ ಉಡುಗೊರೆಗೆ ಈ ಸೇರ್ಪಡೆ ನಿಯಮ ಇಲ್ಲ, ಆದರೆ ಷೇರು ನಿಜವಾಗಿ ಅವರದಾಗುತ್ತದೆ, ನಾಳೆ ಒಡಹುಟ್ಟಿದವರಿಗೂ ಪಾಲು. ದುಬೈ, ಅಬುಧಾಬಿಯಲ್ಲಿರುವ ಕನ್ನಡಿಗರಿಗೆ ಮಾಮೂಲಿ ಕಡಿತ ಶೇ 20ರ ಮೇಲೆ ಸೆಸ್. ಯುಎಇ ಒಪ್ಪಂದದ ಪ್ರಕಾರ ಶೇ 10. ಅಲ್ಲಿನ ತೆರಿಗೆ ನಿವಾಸ ಪ್ರಮಾಣಪತ್ರ ಮತ್ತಿತರ ದಾಖಲೆಯನ್ನು ಕಂಪನಿಯ ರಿಜಿಸ್ಟ್ರಾರ್‌ಗೆ ಗಡುವಿನೊಳಗೆ ಕಳಿಸಿದರೆ ಮಾತ್ರ.

ಇಷ್ಟೆಲ್ಲ ಮಾಡಿಯೂ, ಶೇ 30ರ ಹಂತದಲ್ಲಿದ್ದು ನಿವೃತ್ತಿಗೆ ಹದಿನೈದು ವರ್ಷ ಇರುವವರಿಗೆ ಗ್ರೋಥ್ ಆಯ್ಕೆಯ ಇಂಡೆಕ್ಸ್ ಫಂಡೇ (ನಿಫ್ಟಿಯಂಥ ಸೂಚ್ಯಂಕದ ಷೇರುಗಳನ್ನೇ ಕೊಳ್ಳುವ ಮ್ಯೂಚುವಲ್ ಫಂಡ್) ಲೆಕ್ಕದಲ್ಲಿ ಗೆಲ್ಲುತ್ತದೆ ಎನ್ನುವುದನ್ನು ಮುಚ್ಚಿಡಲಾರೆ. ಫಂಡ್‌ಗೆ ಬರುವ ಡಿವಿಡೆಂಡ್ ಮೇಲೆ ಫಂಡ್ ತೆರಿಗೆ ಕಟ್ಟಬೇಕಿಲ್ಲ, ಅದು ಒಳಗೇ ಮರುಹೂಡಿಕೆಯಾಗುತ್ತದೆ. ಮಾರುವ ದಿನದ ಲಾಭಕ್ಕೆ ಮಾತ್ರ ತೆರಿಗೆ. ಅದೇ ಫಂಡ್‌ಗಳ ಐಡಿಸಿಡಬ್ಲ್ಯೂ (ಆಗಾಗ ಹಣ ಹಂಚುವ) ಆಯ್ಕೆಯಲ್ಲಿ ಈ ಅನುಕೂಲ ಕೈಬಿಟ್ಟು ಹೋಗುತ್ತದೆ. ನೇರ ಡಿವಿಡೆಂಡ್ ಷೇರುಗಳಿಗೆ ನಾನು ಕೊಡುವ ಪಾಲು ಒಟ್ಟು ಷೇರು ಹೂಡಿಕೆಯ ಮೂರನೇ ಒಂದು. ಮಾರುಕಟ್ಟೆ ಬಿದ್ದಾಗ ಕೈಗೆ ನಗದು ಬರುತ್ತಿರುತ್ತದೆ, ಏನನ್ನೂ ಮಾರದೆ ಅಗ್ಗದಲ್ಲಿ ಕೊಳ್ಳಬಹುದು ಎಂಬುದಕ್ಕೆ.

ರೀಟ್ (ಬಾಡಿಗೆ ಕಟ್ಟಡಗಳ ಟ್ರಸ್ಟ್), ಇನ್ವಿಟ್‌ಗಳನ್ನು (ವಿದ್ಯುತ್ ಮಾರ್ಗ, ರಸ್ತೆಯಂಥ ಮೂಲಸೌಕರ್ಯದ ಟ್ರಸ್ಟ್) ಡಿವಿಡೆಂಡ್ ಷೇರಿನ ಸಾಲಿಗೆ ಸೇರಿಸುವಾಗ ಒಂದು ಎಚ್ಚರ. ಬೆಂಗಳೂರಿನ ಎಂಬಸಿ ರೀಟ್ ಆಗಲಿ, ಪವರ್‌ಗ್ರಿಡ್ ಇನ್ವಿಟ್ ಆಗಲಿ, ಹಂಚುವ ಹಣದಲ್ಲಿ ಬಡ್ಡಿ, ಡಿವಿಡೆಂಡ್, ಅಸಲು ಮರುಪಾವತಿ ಎಂಬ ಬೇರೆ ಬೇರೆ ಭಾಗಗಳಿರುತ್ತವೆ. ಪವರ್‌ಗ್ರಿಡ್ ಇನ್ವಿಟ್ 2021ರಲ್ಲಿ 100 ರೂಪಾಯಿಗೆ ಬಂದು ಮೂರು ತಿಂಗಳಿಗೊಮ್ಮೆ 3 ರೂಪಾಯಿಯಂತೆ ಕೊಡುತ್ತಿತ್ತು. ವರ್ಷಕ್ಕೆ ಶೇ 12 ಎಂದು ಖುಷಿಪಟ್ಟವರು ಯೂನಿಟ್ ಬೆಲೆ 100ರ ಕೆಳಗೆ ಇಳಿದದ್ದನ್ನೂ ಕಂಡರು. ಅಸಲಿನ ಭಾಗ ಎಷ್ಟು ಎಂದು ಪ್ರತಿ ಹಂಚಿಕೆಯ ಪತ್ರದಲ್ಲಿ ಬರೆದಿರುತ್ತಾರೆ. ಆ ಭಾಗವನ್ನು ಶೀಟ್‌ನಲ್ಲಿ ಆದಾಯಕ್ಕೆ ಸೇರಿಸದೆ ಕೊಂಡ ಬೆಲೆಯಿಂದ ಕಳೆಯಿರಿ, ಮತ್ತು ಅಷ್ಟನ್ನಂತೂ ತಪ್ಪದೆ ಮರುಹೂಡಿಕೆ ಮಾಡಿ, ಯಾಕೆಂದರೆ ಖರ್ಚು ಮಾಡಿದರೆ ಅದು ಅಸಲನ್ನೇ ತಿಂದ ಹಾಗೆ.

ಮಾರುವ ನಿಯಮ ಚಿಕ್ಕದು. ಡಿವಿಡೆಂಡ್ ಕಡಿಮೆಯಾದ ಕೂಡಲೇ ಮಾರುವುದಿಲ್ಲ, ಆ ಕಂಪನಿಗೆ ಹೊಸ ಹಣ ನಿಲ್ಲಿಸುತ್ತೇನೆ. ಅದರ ಡಿವಿಡೆಂಡ್ ಬೇರೆ ಕಡೆ ಹೋಗುತ್ತದೆ. ಗಳಿಕೆ ಇಳಿಯುತ್ತಿದ್ದು ಸಾಲ ಏರುತ್ತಿದೆ ಎಂದು ಎರಡು ವಾರ್ಷಿಕ ವರದಿಗಳಲ್ಲಿ ಸತತ ಕಂಡರೆ, ಡಿವಿಡೆಂಡ್ ಹಾಗೇ ಉಳಿದಿದ್ದರೂ ಮಾರಾಟ. ಒಂದು ವರ್ಷ ಮೀರಿದ ಖರೀದಿಗಳನ್ನಷ್ಟೇ ತೆಗೆದು, ವರ್ಷಕ್ಕೆ 1.25 ಲಕ್ಷದವರೆಗಿನ ದೀರ್ಘಾವಧಿ ಲಾಭಕ್ಕೆ ತೆರಿಗೆ ಇಲ್ಲದಿರುವುದನ್ನು ಬಳಸಿಕೊಂಡು, ಮಾರ್ಚ್‌ನಲ್ಲಿ ಒಂದು ಭಾಗ, ಏಪ್ರಿಲ್‌ನಲ್ಲಿ ಇನ್ನೊಂದು ಭಾಗ.